ಚೌತಿಗೆ ಡೇರೆ ಅರಳಬೇಕೆಂದರೆ

ಶಿರಸಿ, ಸಿದ್ದಾಪುರ, ಸಾಗರದ ಕಡೆ ಮಳೆಗಾಲದ ಕೊನೆಗೆ ಹೋದರೆ ಮನೆ ಮನೆಯ ಅಂಗಳದಲ್ಲಿ ಡೇರೆ ಹೂವು ಕಾಣುತ್ತದೆ. ಪೇಟೆಯ ನರ್ಸರಿಗಳಲ್ಲಿ ಡೇಲಿಯಾ ಎಂದು ಮಾರುವುದು ಇದನ್ನೇ. ಅಂಗೈಯಗಲದ ಕೆಂಪು, ಹಳದಿ, ಬಿಳಿ, ನೇರಳೆ, ಎರಡು ಬಣ್ಣ ಬೆರೆತದ್ದು, ಹೀಗೆ ಎಷ್ಟೋ ಬಗೆ. ನೆಂಟರ ಮನೆಯಲ್ಲಿ ಹೊಸ ಬಣ್ಣ ಕಂಡರೆ ‘ಅಕ್ಕಾ, ಬರೋ ವರ್ಷ ಇದರದ್ದೊಂದು ಗೆಡ್ಡೆ ನಂಗಿರಲಿ’ ಎಂದು ಹೇಳಿಟ್ಟೇ ಹೊರಡುವುದು ರೂಢಿ. ಈ ಅಂಗಳಗಳಲ್ಲಿರುವ ಡೇರೆಗಳಲ್ಲಿ ಎಷ್ಟೋ ಹಾಗೆ ಕೈಯಿಂದ ಕೈಗೆ ಬಂದವು.

ಆದರೆ ಈ ವರ್ಷ ಚೆಂದ ಅರಳಿದ ಗಿಡ ಮರುವರ್ಷ ಏಳಲೇ ಇಲ್ಲ ಎಂಬ ದೂರೂ ಅಷ್ಟೇ ಕೇಳಿಬರುತ್ತದೆ. ಡೇರೆಯಲ್ಲಿ ಹೂವು ಬಿಡಿಸುವುದು ದೊಡ್ಡ ಕಷ್ಟವಲ್ಲ, ಗೆಡ್ಡೆ ಉಳಿಸಿಕೊಳ್ಳುವುದೇ ಕಷ್ಟ. ಇದರ ಮೂಲ ಮೆಕ್ಸಿಕೊದ ಎತ್ತರದ ಗುಡ್ಡಗಾಡು. ಆ ದೇಶ 1963ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಹೂವೆಂದು ಸಾರಿತು. ಅಲ್ಲಿನ ಇಳಿಜಾರಿನಲ್ಲಿ ಬೆಳೆದು ಬಂದ ಗಿಡಕ್ಕೆ ತಂಪು ಹವೆ ಬೇಕು, ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು. ಮಲೆನಾಡು ತಂಪನ್ನು ಧಾರಾಳವಾಗಿ ಕೊಡುತ್ತದೆ, ಜೊತೆಗೆ ನಾಲ್ಕು ತಿಂಗಳ ಮಳೆಯನ್ನೂ ಕೊಡುತ್ತದೆ. ಹಾಗಾಗಿ ಇಲ್ಲಿ ಡೇರೆ ಬೆಳೆಯುವವರ ಗಮನವೆಲ್ಲ ನೀರಿನ ಮೇಲೇ ಇರಬೇಕು.

ಕಣ್ಣು ನೋಡಿ ಗೆಡ್ಡೆ ಆರಿಸಿ

ಆಲೂಗಡ್ಡೆಯಾದರೆ ಮೈತುಂಬ ಕಣ್ಣುಗಳಿರುತ್ತವೆ, ಎಲ್ಲಿ ಕತ್ತರಿಸಿ ನೆಟ್ಟರೂ ಮೊಳೆಯುತ್ತದೆ. ಡೇರೆ ಹಾಗಲ್ಲ. ಇದರ ಗೆಡ್ಡೆ ಎಂದರೆ ಉಬ್ಬಿದ ಬೇರು. ಅದರ ಮೈಯಲ್ಲಿ ಒಂದೂ ಕಣ್ಣಿಲ್ಲ. ಕಣ್ಣಿರುವುದು ಗೆಡ್ಡೆಗಳೆಲ್ಲ ಹಳೆಯ ಕಾಂಡಕ್ಕೆ ಬಂದು ಕೂಡುವ ಗಂಟಿನಲ್ಲಿ ಮಾತ್ರ. ಎಷ್ಟೇ ದಪ್ಪಗಿದ್ದರೂ ಆ ಗಂಟಿನ ತುಣುಕು ಇಲ್ಲದ ಗೆಡ್ಡೆ ಮಣ್ಣಲ್ಲಿ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಬೇರು ಬಂದೀತು, ಚಿಗುರು ಬಾರದು.

ಏಪ್ರಿಲ್ ಹೊತ್ತಿಗೆ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಕೂಡಿಟ್ಟ ಗೆಡ್ಡೆಗಳನ್ನು ಹೊರಗೆ ತೆಗೆಯಿರಿ. ಗಂಟಿನ ಸುತ್ತ ಬೆರಳಾಡಿಸಿ. ರಾಗಿ ಕಾಳಿನಷ್ಟು ಸಣ್ಣ ಉಬ್ಬು ತಾಗುತ್ತದೆ. ಬೆಳಕಿಗೆ ಹಿಡಿದರೆ ನಸುಗೆಂಪಾಗಿಯೋ ತಿಳಿಹಸಿರಾಗಿಯೋ ಕಾಣುತ್ತದೆ. ಅದೇ ಕಣ್ಣು. ಕಾಣದಿದ್ದರೆ ಅವಸರ ಬೇಡ. ಗೆಡ್ಡೆಗಳನ್ನು ನೆರಳಲ್ಲಿ ಮರಳಿನ ಮೇಲೆ ಹರಡಿ, ದಿನಕ್ಕೊಮ್ಮೆ ನೀರು ಚಿಮುಕಿಸಿ. ಎರಡು ಮೂರು ವಾರದಲ್ಲಿ ಕಣ್ಣು ತಾನಾಗೇ ಎದ್ದು ತೋರುತ್ತದೆ.

ಗೊಂಚಲನ್ನು ಬಿಡಿಸಬೇಕಾದದ್ದು ಈಗಲೇ. ಹರಿತವಾದ ಚೂರಿಯನ್ನು ಬೆಂಕಿಗೆ ಹಿಡಿದು ಆರಿಸಿಕೊಳ್ಳಿ. ಒಂದು ಭಾಗಕ್ಕೆ ಕಡಿಮೆಯೆಂದರೂ ಒಂದು ಕಣ್ಣು, ಒಂದು ಗೆಡ್ಡೆ ಬರುವಂತೆ ಕತ್ತರಿಸಿ. ಗೆಡ್ಡೆಗೂ ಗಂಟಿಗೂ ನಡುವಿನ ಸಪೂರ ಕುತ್ತಿಗೆ ಮುರಿದಿರಬಾರದು. ಸಿಪ್ಪೆ ಹಿಡಿದು ಜೋತಾಡುತ್ತಿದ್ದರೆ ಅದನ್ನು ಎಸೆದುಬಿಡಿ, ಹೇಗೂ ಕೊಳೆಯುತ್ತದೆ. ಕತ್ತರಿಸಿದ ಜಾಗಕ್ಕೆ ಒಲೆಯ ಬೂದಿ ಸವರಿ ಒಂದು ದಿನ ಗಾಳಿಯಾಡುವಲ್ಲಿ ಇಡಿ. ಗಾಯ ಒಣಗದೆ ನೆಟ್ಟರೆ ಮಣ್ಣಿನ ತೇವ ನೇರ ಒಳಕ್ಕಿಳಿಯುತ್ತದೆ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಆನ್‌ಲೈನಿನಲ್ಲಿ ಆಕಾಶ ನೀಲಿ ಬಣ್ಣದ ಡೇರೆಯ ಚಿತ್ರ ಹಾಕಿ ಬೀಜ ಮಾರುತ್ತಾರೆ. ಡೇರೆಯಲ್ಲಿ ನಿಜವಾದ ನೀಲಿ ಇಲ್ಲವೇ ಇಲ್ಲ, ದುಡ್ಡು ಕಳೆದುಕೊಳ್ಳಬೇಡಿ. ಬೀಜದಿಂದ ಬೆಳೆದರೆ ತಾಯಿಗಿಡದ ಹೂವೇ ಬರುತ್ತದೆ ಎಂಬ ಭರವಸೆಯೂ ಇಲ್ಲ. ಗಿಡದ ಗುಣಗಳನ್ನು ಮುಂದಿನ ಪೀಳಿಗೆಗೆ ದಾಟಿಸುವ ವರ್ಣತಂತುಗಳು ಹೆಚ್ಚಿನ ಗಿಡಗಳಲ್ಲಿ ಎರಡೆರಡು ಪ್ರತಿ ಇರುತ್ತವೆ, ತೋಟದ ಡೇರೆಯಲ್ಲಿ ಎಂಟೆಂಟು. ಹಾಗಾಗಿ ಪ್ರತಿ ಬೀಜದಲ್ಲೂ ಬೆರಕೆ ಬೇರೆ ಬೇರೆ. ಮೆಚ್ಚಿದ ಬಣ್ಣವೇ ಬೇಕೆಂದರೆ ಗೆಡ್ಡೆ ಇಲ್ಲವೇ ಚಿಗುರಿನ ಕಡ್ಡಿಯೇ ಆಗಬೇಕು.

ಕಡ್ಡಿ ಮಾಡುವುದು ಸುಲಭ. ಗೆಡ್ಡೆಯಿಂದ ಎದ್ದ ಚಿಗುರು ಮೂರು ಇಂಚು ಆದಾಗ ಬುಡದಲ್ಲಿ ಕತ್ತರಿಸಿ, ಕೆಳಗಿನ ಎಲೆ ತೆಗೆದು ಒದ್ದೆ ಮರಳಿಗೆ ಊರಿ. ನೆರಳಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಒಂದೇ ಗೆಡ್ಡೆ ಇದ್ದು ಕೇಳುವವರು ಜಾಸ್ತಿ ಇದ್ದಾಗ ಇದೇ ಒಳ್ಳೆಯ ದಾರಿ.

ಮಣ್ಣು, ಜಾಗ

ಚೌತಿಯ ಹೊತ್ತಿಗೆ ಹೂವು ಬೇಕೆಂದರೆ ಮೇ ಕೊನೆಯೊಳಗೆ, ತಡವಾದರೆ ಮೃಗಶಿರ ಮಳೆ ಜೋರಾಗುವ ಮುಂಚೆ ನೆಡಬೇಕು. ನೆಟ್ಟು ಹೂವು ಬರಲು ಎಂಟರಿಂದ ಹನ್ನೆರಡು ವಾರ ಬೇಕು. ಬೆಂಗಳೂರು, ಮೈಸೂರು, ಬಯಲುಸೀಮೆಯವರು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನೆಟ್ಟು ಡಿಸೆಂಬರ್–ಜನವರಿಯ ಚಳಿಯಲ್ಲಿ ಹೂವು ಪಡೆಯುವುದು ವಾಸಿ. ಅವರಿಗೆ ಮಳೆಯ ಕಾಟ ಕಡಿಮೆ, ಉಳಿದ ಕ್ರಮ ಒಂದೇ.

ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೂರನ್ನೂ ಸಮಪಾಲು ಬೆರೆಸಿ. ಗೊಬ್ಬರ ಹಸಿಯಾಗಿದ್ದರೆ ಗೆಡ್ಡೆ ಸುಟ್ಟು ಹೋಗುತ್ತದೆ. ಒಂದು ಹಿಡಿ ಬೂದಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ಕುಂಡ ಒಂದಡಿ ಅಗಲ, ಒಂದಡಿ ಆಳದ್ದಿರಲಿ. ಸಿಮೆಂಟ್ ಚೀಲ, ಗ್ರೋ ಬ್ಯಾಗ್ ಕೂಡ ಆಗುತ್ತದೆ. ತುಂಬಿದ ಮೇಲೆ ಒಂದು ತಂಬಿಗೆ ನೀರು ಹೊಯ್ದು ನೋಡಿ. ಒಂದು ನಿಮಿಷದಲ್ಲಿ ತಳದಿಂದ ಹರಿದು ಬರಬೇಕು. ಬರದಿದ್ದರೆ ತೂತು ದೊಡ್ಡದು ಮಾಡಿ, ಮರಳು ಹೆಚ್ಚಿಸಿ. ಇದನ್ನು ನೆಡುವ ಮುಂಚೆಯೇ ನೋಡಿಕೊಳ್ಳುವುದು ಒಳ್ಳೆಯದು, ಆಷಾಢದ ಮಳೆಯಲ್ಲಿ ಸರಿಮಾಡಲು ಆಗುವುದಿಲ್ಲ.

ನೆಲದಲ್ಲೇ ನೆಡುವವರು ಒಂದಡಿ ಎತ್ತರದ ಮಡಿ ಏರಿಸಲೇಬೇಕು. ಸೂರಿನ ನೀರು ಬೀಳುವ ಸಾಲಿನಲ್ಲಿ ಎಂದೂ ಬೇಡ. ಮನೆಯ ಪೂರ್ವ ದಿಕ್ಕಿನಲ್ಲಿ, ಮಳೆಯ ಇರಚಲು ಹೊಡೆಯದೆ ಬೆಳಗಿನ ಬಿಸಿಲು ಬೀಳುವ ಜಾಗ ಸಿಕ್ಕರೆ ಅದೇ ಮೇಲು. ಡೇರೆಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮಳೆಗಾಲದಲ್ಲಿ ಅಷ್ಟು ಸಿಗುವುದಿಲ್ಲವಾದ್ದರಿಂದ ಬರುವ ಬೆಳಕನ್ನು ಮರದ ನೆರಳಿಗೆ ಬಿಟ್ಟುಕೊಡಬೇಡಿ.

ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲೆ ಬರುವಂತೆ ಇಟ್ಟು ಎರಡು ಮೂರು ಇಂಚು ಮಣ್ಣು ಮುಚ್ಚಿ. ಬಯಲುಸೀಮೆಯಲ್ಲಾದರೆ ಇನ್ನೊಂದೆರಡು ಇಂಚು ಆಳಕ್ಕಿಟ್ಟರೂ ನಡೆಯುತ್ತದೆ. ಆಸರೆ ಕೋಲನ್ನು ಅದೇ ದಿನ ಹುಗಿಯಿರಿ. ಗಿಡ ಎದ್ದ ಮೇಲೆ ಹುಗಿದರೆ ಕೋಲಿನ ತುದಿ ಗೆಡ್ಡೆಗೇ ಚುಚ್ಚುತ್ತದೆ, ಅಲ್ವಾ? ಅಡಿಕೆ ದಬ್ಬೆಯ ಸೀಳು ಇದಕ್ಕೆ ಹೇಳಿ ಮಾಡಿಸಿದ್ದು. ನಾಲ್ಕಡಿ ಇದ್ದರೆ ಆಯಿತು.

ಇನ್ನು ನೀರು. ನೆಟ್ಟ ದಿನ ಮಣ್ಣು ನಸು ತೇವ ಇದ್ದರೆ ಬೇರೆ ನೀರು ಬೇಡವೇ ಬೇಡ. ಚಿಗುರು ಮಣ್ಣಿನಿಂದ ಮೇಲೆ ಬಂದು ಎಲೆ ಬಿಚ್ಚುವ ತನಕ ಗೆಡ್ಡೆಗೆ ನೀರು ಹೀರುವ ಬೇರು ಹೆಚ್ಚು ಇರುವುದಿಲ್ಲ. ಆಗ ಹಾಕಿದ ನೀರೆಲ್ಲ ಕೊಳೆಸುವುದಕ್ಕೇ ಆಗುತ್ತದೆ. ಪ್ರೀತಿಯಿಂದ ದಿನಾ ನೀರು ಹಾಕಿಯೇ ಎಷ್ಟೋ ಗೆಡ್ಡೆಗಳು ಹೋಗುತ್ತವೆ. ಮೊದಲ ಎರಡು ವಾರದಲ್ಲಿ ಜೋರು ಮಳೆ ಬಂದರೆ ಕುಂಡವನ್ನು ಜಗಲಿಗೆ ಎಳೆದಿಡಿ. ಮಡಿಯಾದರೆ ಮೇಲೊಂದು ಅಡಿಕೆ ಹಾಳೆ ಕವುಚಿ.

ಕುಡಿ ಚಿವುಟಿ, ಮೊಗ್ಗು ಕಳೆಯಿರಿ

ನಾಲ್ಕು ಜೊತೆ ಎಲೆ ಬಂದಾಗ ನಡುವಿನ ಕುಡಿಯನ್ನು ಉಗುರಿನಿಂದ ಚಿವುಟಬೇಕು. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ. ಎಲೆಯ ಕಂಕುಳುಗಳಿಂದ ಕವಲೊಡೆದು ಗಿಡ ಪೊದೆಯಾಗುತ್ತದೆ. ಚಿವುಟದಿದ್ದರೆ ಒಂದೇ ಕಾಂಡ ಉದ್ದಕ್ಕೆ ಬೆಳೆದು ಮೊದಲ ಗಾಳಿಗೇ ಒರಗುತ್ತದೆ. ಕಾಂಡ ಒಳಗೆ ಟೊಳ್ಳು. ಕಟ್ಟುವಾಗ ಬಾಳೆನಾರೋ ಹಳೆ ಬಟ್ಟೆಯ ಪಟ್ಟಿಯೋ ಇರಲಿ, ತಂತಿ ಬೇಡ.

ಈ ಹೊತ್ತಿಗೆ ಹದಿನೈದು ದಿನಕ್ಕೊಮ್ಮೆ ಗೋಬರ್ ಗ್ಯಾಸ್ ಸ್ಲರಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಹಾಕಬಹುದು. ಮೊಗ್ಗು ಕಂಡ ಮೇಲೆ ಅದನ್ನು ನಿಲ್ಲಿಸಿ ಬೂದಿ ಕೊಡಿ. ಯೂರಿಯಾ ಹಾಕುವವರಿದ್ದಾರೆ. ಗಿಡ ಸೊಕ್ಕುತ್ತದೆ, ಎಲೆ ಕಡುಹಸಿರಾಗುತ್ತದೆ, ಹೂವು ಕಡಿಮೆಯಾಗುತ್ತದೆ. ಅಂಥ ಗಿಡದ ಗೆಡ್ಡೆ ಬೇಸಿಗೆಯವರೆಗೆ ಬಾಳುವುದೂ ಕಷ್ಟ.

ಪ್ರತಿ ಕವಲಿನ ತುದಿಯಲ್ಲೂ ಸಾಮಾನ್ಯವಾಗಿ ಮೂರು ಮೊಗ್ಗು ಬರುತ್ತವೆ. ನಡುವೆ ದೊಡ್ಡದು, ಅಕ್ಕಪಕ್ಕ ಸಣ್ಣವು. ತಟ್ಟೆಯಗಲದ ಹೂವು ಬೇಕೆಂದರೆ ಪಕ್ಕದವು ಬಟಾಣಿ ಗಾತ್ರಕ್ಕೆ ಬಂದಾಗಲೇ ಮುರಿದು ಹಾಕಿ. ಸಣ್ಣ ಚೆಂಡಿನಂಥ ಹೂವಿನ ಜಾತಿಗಳಿಗೆ ಈ ಕೆಲಸ ಬೇಡ, ಅವು ಗೊಂಚಲಾಗಿದ್ದರೇ ಚೆಂದ. ಮಳೆ ನಡುವೆ ಅರಳಿದ ದೊಡ್ಡ ಹೂವಿನ ಎಸಳುಗಳಲ್ಲಿ ನೀರು ತುಂಬಿ, ತೂಕಕ್ಕೆ ಕುತ್ತಿಗೆ ಮುರಿಯುತ್ತದೆ. ಮಳೆ ಬಿಟ್ಟಾಗ ಹೋಗಿ ಮೆಲ್ಲನೆ ಬಗ್ಗಿಸಿ ನೀರು ಕೊಡವಿ ಬರಬೇಕು.

ಬಾಡಿದ ಹೂವನ್ನು ತೆಗೆಯುತ್ತಿದ್ದಷ್ಟೂ ಹೊಸ ಮೊಗ್ಗು ಬರುತ್ತದೆ. ಎಸಳು ಉದುರಿದ ಹೂವು, ಅರಳಬೇಕಾದ ಮೊಗ್ಗು ಎರಡೂ ಹಸಿರೇ, ಗುರುತು ತಪ್ಪುವುದು ಸುಲಭ. ಹೊಸ ಮೊಗ್ಗು ಗುಂಡಗೆ, ಗಟ್ಟಿಯಾಗಿ ಇರುತ್ತದೆ. ಮುಗಿದ ಹೂವು ತುದಿಗೆ ಚೂಪಾಗಿ, ಒತ್ತಿದರೆ ಮೆತ್ತಗಾಗಿ ಇರುತ್ತದೆ. ದೇವರಿಗೋ ಹೂದಾನಿಗೋ ಕೊಯ್ಯುವುದಾದರೆ ಬೆಳಗ್ಗೆ ಬಿಸಿಲೇರುವ ಮೊದಲು, ಮುಕ್ಕಾಲು ಪಾಲು ಅರಳಿದ್ದನ್ನೇ ಕೊಯ್ಯಿರಿ. ಡೇರೆಯ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲ.

ಹುಳ, ರೋಗದ ವಿಷಯಕ್ಕೆ ಬಂದರೆ, ಮಳೆಗಾಲದ ದೊಡ್ಡ ಶತ್ರು ಬಸವನಹುಳು ಮತ್ತು ಸಿಂಬಳಹುಳು. ಒಂದೇ ರಾತ್ರಿಯಲ್ಲಿ ಎಳೆ ಚಿಗುರನ್ನು ನೆಲಸಮ ಮಾಡುತ್ತವೆ. ಟಾರ್ಚ್ ಹಿಡಿದು ಹೆಕ್ಕುವುದೇ ನಂಬಬಹುದಾದ ಉಪಾಯ. ಬುಡದ ಸುತ್ತ ಉಪ್ಪು ಹಾಕಬೇಡಿ, ಗಿಡವೂ ಹೋಗುತ್ತದೆ. ಮಳೆ ಕಳೆದು ಇಬ್ಬನಿ ಶುರುವಾದಾಗ ಎಲೆ ಮೇಲೆ ಬಿಳಿ ಬೂದಿರೋಗ ಬರುತ್ತದೆ. ಕೆಳಗಿನ ಎಲೆ ಕಿತ್ತು ಗಾಳಿಯಾಡಲು ಬಿಡಿ. ಆದರೆ ಎಲೆಯಲ್ಲಿ ಹಳದಿ ಮಚ್ಚೆ ಮೂಡಿ, ಗಿಡ ಕುಳ್ಳಗಾಗಿ ಮುರುಟಿಕೊಂಡರೆ ಅದು ವೈರಸ್ ಇರಬಹುದು. ಅದಕ್ಕೆ ಔಷಧಿ ಇಲ್ಲ. ಎಷ್ಟೇ ಅಪರೂಪದ ಬಣ್ಣವಾದರೂ ಗೆಡ್ಡೆ ಸಮೇತ ಕಿತ್ತು ಸುಟ್ಟುಬಿಡಿ, ಯಾರಿಗೂ ಕೊಡಬೇಡಿ. ಗಿಡದ ರಸ ಹೀರುವ ಸಸ್ಯಹೇನುಗಳಿಂದ, ಕತ್ತರಿಸಿದ ಚೂರಿಯಿಂದಲೂ ಅದು ಬೇರೆ ಗಿಡಕ್ಕೆ ಹೋಗುತ್ತದೆ.

ಹೂವು ಮುಗಿದ ಮೇಲೆ

ಹೆಚ್ಚಿನವರು ಕೈಬಿಡುವುದು ಇಲ್ಲೇ. ದೀಪಾವಳಿ ಕಳೆದು ಹೂವು ಸಣ್ಣದಾದಂತೆ ಗಿಡ ಕತ್ತರಿಸಿ ಅಂಗಳ ಚೊಕ್ಕ ಮಾಡುತ್ತಾರೆ. ಗೆಡ್ಡೆ ತುಂಬಿಕೊಳ್ಳುವುದು ಆಗಲೇ. ಹಗಲು ಹನ್ನೆರಡು ಗಂಟೆಗಿಂತ ಚಿಕ್ಕದಾದಾಗ ಡೇರೆ ತನ್ನ ಶಕ್ತಿಯನ್ನೆಲ್ಲ ಕೆಳಗೆ ಕಳಿಸತೊಡಗುತ್ತದೆ. ನವೆಂಬರಿನಲ್ಲಿ ಎಲೆ ಹಸಿರಾಗಿದ್ದಷ್ಟು ದಿನವೂ ಗಿಡ ಇರಲಿ. ನೀರು ಕಡಿಮೆ ಮಾಡುತ್ತ ಬನ್ನಿ. ಡಿಸೆಂಬರ್ ಕೊನೆಗೆ ಎಲೆ ಹಳದಿಯಾಗಿ ಕಾಂಡ ಒಣಗಿದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸಿ. ಟೊಳ್ಳು ಕಾಂಡದೊಳಗೆ ನೀರು ಇಳಿಯದಂತೆ ನೋಡಿಕೊಳ್ಳಿ.

ಒಂದು ವಾರ ಬಿಟ್ಟು ಅಗೆಯಿರಿ. ಕಾಂಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಮಣ್ಣು ಸಡಿಲಿಸಿ, ಕೆಳಗಿನಿಂದ ಎತ್ತಬೇಕು. ಕಾಂಡ ಹಿಡಿದು ಜಗ್ಗಿದರೆ ಕುತ್ತಿಗೆಗಳು ಮುರಿಯುತ್ತವೆ, ಮುರಿದ ಗೆಡ್ಡೆ ಮತ್ತೆ ಚಿಗುರದು. ಮಣ್ಣು ಕೊಡವಿ ನೆರಳಲ್ಲಿ ಮೂರು ದಿನ ಆರಿಸಿ. ಗೊಂಚಲನ್ನು ಈಗ ಬಿಡಿಸಬೇಡಿ, ಇಡಿಯಾಗಿದ್ದರೆ ಬೇಸಿಗೆ ತಡೆಯುತ್ತದೆ. ಬಣ್ಣವನ್ನು ದಬ್ಬೆಯ ಚೂರಿನ ಮೇಲೆ ಪೇಂಟಿನಲ್ಲಿ ಬರೆದು ಕಾಂಡಕ್ಕೆ ಕಟ್ಟಿ. ಅಗೆದ ಮೇಲೆ ಎಲ್ಲ ಗೆಡ್ಡೆಗಳೂ ಒಂದೇ ತರ ಕಾಣುತ್ತವೆ.

ಮಣ್ಣಿನ ಮಡಕೆಗೆ ಒಣ ಮರಳು ಅಥವಾ ಭತ್ತದ ಉಮಿ ಹಾಕಿ, ಗೊಂಚಲುಗಳು ಒಂದಕ್ಕೊಂದು ತಾಗದಂತೆ ಹುಗಿದಿಡಿ. ಬಚ್ಚಲಿನ ಪಕ್ಕ ಬೇಡ, ಹಂಚಿನ ಬಿಸಿ ತಾಗುವ ಅಟ್ಟವೂ ಬೇಡ. ಇಲಿ ಬಾರದಂತೆ ಬಾಯಿಗೆ ಜಾಳಿಗೆ ಕಟ್ಟಿ. ಕುಂಡದಲ್ಲಿ ಬೆಳೆದವರು ಅಗೆಯದೆ ಕುಂಡವನ್ನೇ ಮಾಡಿನ ಕೆಳಗೆ ಸರಿಸಿಟ್ಟರೂ ಸಾಕು.

ಫೆಬ್ರುವರಿಯಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ತೆಗೆದು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಹಾಗೇ ಮುಚ್ಚಿ. ಸುಕ್ಕುಗಟ್ಟಿದ್ದರೆ ಮರಳಿಗೆ ಸ್ವಲ್ಪ ನೀರು ಚಿಮುಕಿಸಿ. ಮೆತ್ತಗಾಗಿ ಹುಳಿ ವಾಸನೆ ಬಂದರೆ ಕೊಳೆತಷ್ಟನ್ನು ಗಟ್ಟಿ ತಿರುಳು ಸಿಗುವ ತನಕ ಕತ್ತರಿಸಿ, ಬೂದಿ ಸವರಿ, ಒಣಗಿಸಿ ಬೇರೆ ಮಡಕೆಯಲ್ಲಿಡಿ.