ಬಡವರ ಮನೆಯ ನಾಯಿ, ಬೆಕ್ಕಿಗೆ ತುರ್ತು ಚಿಕಿತ್ಸೆ: ಊರಲ್ಲೇ ಒಂದು ನಿಧಿ ಕಟ್ಟುವುದು ಹೇಗೆ?

ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಎರಡು ಮೂರು ದಿನದಲ್ಲಿ ಅದು ಸಾಯುತ್ತದೆ. ಮೊದಲ ದಿನವೇ ಡಾಕ್ಟ್ರ ಹತ್ತಿರ ಹೋದರೆ, ನಳಿಕೆ ಹಾಕಿ ಮೂತ್ರ ತೆಗೆದು, ಡ್ರಿಪ್ ಕೊಟ್ಟು ಉಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಬದುಕಿಗೂ ಸಾವಿಗೂ ನಡುವೆ ಇರುವುದು ಕೆಲವು ಸಾವಿರ ರೂಪಾಯಿ. ಬೀಡಿ ಕಟ್ಟಿ, ಅಡಿಕೆ ಸುಲಿದು ದಿನ ದೂಡುವ ಮನೆಗೆ ಆ ದುಡ್ಡು ರಾತ್ರಿ ಎಂಟು ಗಂಟೆಗೆ ಎಲ್ಲಿಂದ ಬರಬೇಕು?

ಈಗ ನಮ್ಮ ಕಾಸರಗೋಡಿನ ಊರುಗಳಲ್ಲಿ ನಡೆಯುವುದು ಹೀಗೆ. ಯಾರೋ ಒಬ್ಬರು ರಕ್ತ ಸುರಿಯುವ ನಾಯಿಯ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ಕೆಳಗೆ ಮನೆಯವರ ಹೆಸರು, ಗೂಗಲ್ ಪೇ ನಂಬರ್. ದುಡ್ಡು ಮರುದಿನ ಮಧ್ಯಾಹ್ನಕ್ಕೆ ಸೇರುತ್ತದೆ. ಕೆಲವೊಮ್ಮೆ ಅಷ್ಟರಲ್ಲಿ ನಾಯಿ ಇರುವುದಿಲ್ಲ. ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಬಂದು, ಉಳಿದದ್ದು ಎಲ್ಲಿ ಹೋಯಿತು ಎಂದು ಜಗಳ. ಆ ಮನೆಯವರು ಊರಿಡೀ ಕೈಚಾಚಿದ ಹಾಗಾಗುತ್ತದೆ. ದುಡ್ಡು ಮೊದಲೇ ಸೇರಿರಬೇಕು, ಕೊಡುವ ನಿಯಮ ಮೊದಲೇ ಬರೆದಿರಬೇಕು. ಆಗ ಅರ್ಧ ಗಂಟೆಯಲ್ಲಿ ಕೆಲಸ ಆಗುತ್ತದೆ, ಯಾರ ಮುಖವೂ ಗ್ರೂಪಿಗೆ ಬರುವುದಿಲ್ಲ.

ಬಡವರ ಪ್ರಾಣಿಗಳಿಗೆ ದಾನದ ದುಡ್ಡಿನಲ್ಲಿ ಔಷಧ ಕೊಡುವುದು ಹೊಸ ಯೋಚನೆಯೇನಲ್ಲ. ಲಂಡನ್ನಿನ ಬಡವರ ಕೇರಿ ವೈಟ್‌ಚಾಪೆಲ್‌ನಲ್ಲಿ ಮರಿಯಾ ಡಿಕಿನ್ ಎಂಬ ಮಹಿಳೆ 1917ರಲ್ಲಿ, ಮಹಾಯುದ್ಧದ ನಡುವೆ, ಒಂದು ನೆಲಮಾಳಿಗೆಯಲ್ಲಿ ಇಂಥ ಉಚಿತ ಚಿಕಿತ್ಸಾಲಯ ತೆರೆದರು. ಪಿಡಿಎಸ್‌ಎ ಎಂಬ ಆ ಸಂಸ್ಥೆ ಇಂದಿಗೂ ಇದೆ. ನಮಗೆ ಅಷ್ಟು ದೊಡ್ಡದು ಬೇಡ. ಒಂದು ಪಂಚಾಯತಿಗೆ, ಸಾಧ್ಯವಾಗದಿದ್ದರೆ ಎರಡು ಮೂರು ವಾರ್ಡಿಗೆ ಒಂದು ಸಣ್ಣ ನಿಧಿ ಸಾಕು.

ಮೊದಲು ಇರುವ ಸೌಲಭ್ಯ ಪಟ್ಟಿ ಮಾಡಿ

ಸರ್ಕಾರಿ ವ್ಯವಸ್ಥೆಯಲ್ಲಿ ಸಿಗುವುದಕ್ಕೆ ನಿಧಿಯ ದುಡ್ಡು ಹಾಕಬೇಡಿ. ಪಂಚಾಯತಿಯ ಮೃಗಾಸ್ಪತ್ರೆ, ಕಾಸರಗೋಡಿನ ಜಿಲ್ಲಾ ಮೃಗ ಚಿಕಿತ್ಸಾ ಕೇಂದ್ರ, 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನ, ಬ್ಲಾಕ್ ಮಟ್ಟದಲ್ಲಿ ರಾತ್ರಿ ತುರ್ತು ಸೇವೆಗೆ ನೇಮಕವಾಗುವ ಡಾಕ್ಟ್ರು, ಇವು ನಾಲ್ಕೂ ಮೊದಲ ಸಾಲಿನಲ್ಲಿ ಬರಲಿ. ನಿಮ್ಮ ಪಂಚಾಯತಿ ಮಂಜೇಶ್ವರ ಬ್ಲಾಕಿಗೆ ಸೇರಿದೆಯೋ, ಕಾಸರಗೋಡಿಗೋ, ಕಾರಡ್ಕಕ್ಕೋ ನೋಡಿಕೊಳ್ಳಿ. ರಾತ್ರಿ ಡಾಕ್ಟ್ರ ನೇಮಕ ಗುತ್ತಿಗೆಯ ಮೇಲೆ ನಡೆಯುವುದರಿಂದ ಆಳು ಬದಲಾಗುತ್ತಿರುತ್ತಾರೆ. ತಿಂಗಳಿಗೊಮ್ಮೆ ಫೋನ್ ಮಾಡಿ ಈಗ ಯಾರಿದ್ದಾರೆ ಎಂದು ಖಚಿತ ಮಾಡಿಕೊಳ್ಳಿ. ವಾಹನ ಮನೆಗೆ ಬಂದರೆ ಎಷ್ಟು ಶುಲ್ಕ ಎಂಬುದನ್ನೂ ಕೇಳಿಡಿ.

ಎರಡನೇ ಸಾಲು ಖಾಸಗಿ ಕ್ಲಿನಿಕ್‌ಗಳದ್ದು. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರು ಹತ್ತಿರ. ಪೆರ್ಲ, ಬದಿಯಡ್ಕದ ಕಡೆಯವರು ವಿಟ್ಲ ದಾರಿಯಾಗಿ ಪುತ್ತೂರಿಗೂ ಹೋಗಬಹುದು. ಪ್ರತಿ ಕ್ಲಿನಿಕ್‌ನಲ್ಲಿ ಕೇಳಬೇಕಾದ್ದು: ರಾತ್ರಿ ತೆರೆದಿರುತ್ತದಾ? ಎಕ್ಸ್‌ರೇ, ಸ್ಕ್ಯಾನಿಂಗ್ ಇದೆಯಾ? ಹಾವಿನ ವಿಷಕ್ಕೆ ಕೊಡುವ ಮದ್ದು ದಾಸ್ತಾನು ಇದೆಯಾ? ಕೊನೆಯದ್ದು ನಮ್ಮ ಕಡೆ ಬಹಳ ಮುಖ್ಯ. ತೋಟದಲ್ಲಿ ತಿರುಗುವ ನಾಯಿಗೆ ನಾಗರಹಾವು, ಕೊಳಕುಮಂಡಲ ಕಚ್ಚುವುದು ಅಪರೂಪವಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮನುಷ್ಯರಿಗೆ ಕೊಡುವ ಮದ್ದನ್ನೇ ನಾಯಿಗೂ ಕೊಡುತ್ತಾರೆ. ಅದಿಲ್ಲದ ಕ್ಲಿನಿಕ್‌ಗೆ ಮೂವತ್ತು ಕಿಲೋಮೀಟರ್ ಓಡಿಸಿಕೊಂಡು ಹೋದರೆ ಏನು ಪ್ರಯೋಜನ?

ದುಡ್ಡು ಯಾರ ಕೈಯಲ್ಲಿ ಇರಬೇಕು?

ಒಬ್ಬರ ಸ್ವಂತ ಖಾತೆಯಲ್ಲಿ ಖಂಡಿತ ಬೇಡ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ. ನಮ್ಮ ಜಿಲ್ಲೆಯಲ್ಲಿ ಊರಿಗೊಂದು ಕ್ಲಬ್ಬು, ಯುವಕ ಮಂಡಲ, ವಾಚನಾಲಯ ಇದೆ. ಹಲವು ಈಗಾಗಲೇ ನೋಂದಣಿಯಾದವು. ಅವುಗಳ ಆಡಳಿತ ಸಮಿತಿಯಲ್ಲಿ ಒಂದು ನಿರ್ಣಯ ಬರೆಸಿ, ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯುವುದು ಸುಲಭದ ದಾರಿ. ಸಂಘದ ನಿಯಮಾವಳಿಯಲ್ಲಿ ಪ್ರಾಣಿಗಳ ಆರೈಕೆ ಅಥವಾ ಸಾಮಾನ್ಯ ದಾನಕಾರ್ಯದ ಉದ್ದೇಶ ಇದೆಯೇ ಎಂದು ಓದಿ ನೋಡಿ. ಇಲ್ಲದಿದ್ದರೆ ಮಹಾಸಭೆಯಲ್ಲಿ ಸೇರಿಸಬೇಕು. ಹೊಸದಾಗಿಯೇ ಸಂಘ ಕಟ್ಟುವುದಾದರೆ ನಮ್ಮ ಭಾಗಕ್ಕೆ 1860ರ ಸೊಸೈಟಿ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಕನಿಷ್ಠ 7 ಮಂದಿ ಬೇಕು.

ಖಾತೆಗೆ ಜಂಟಿ ಸಹಿ ಇರಲಿ. ಮೂವರಲ್ಲಿ ಯಾರಾದರೂ ಇಬ್ಬರು ಸಹಿ ಹಾಕಿದರೆ ಸಾಕು ಎಂಬ ವ್ಯವಸ್ಥೆ ಒಳ್ಳೆಯದು. ಮೂವರಲ್ಲಿ ಒಬ್ಬರಾದರೂ ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಹೆಂಗಸು ಆಗಿರಲಿ ಎಂಬುದು ನನ್ನ ಒತ್ತಾಯ. ಯಾವ ಮನೆಯಲ್ಲಿ ಒಲೆ ಹಚ್ಚಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಕ್ಲಬ್ಬಿನ ಹುಡುಗರಿಗೆ ಗೊತ್ತಿರುವುದಿಲ್ಲ. ರಾತ್ರಿ ಹೊತ್ತಿಗೆ ಚೆಕ್ಕು ನಡೆಯುವುದಿಲ್ಲ. ಹಾಗಾಗಿ ಒಂದು ತುರ್ತು ಪ್ರಕರಣಕ್ಕೆ ಬೇಕಾಗುವಷ್ಟನ್ನು ಮಾತ್ರ ಯುಪಿಐ ಇರುವ ಇನ್ನೊಂದು ಸಣ್ಣ ಖಾತೆಯಲ್ಲಿಡಿ. ಖರ್ಚಾದ ಹಾಗೆ ದೊಡ್ಡ ಖಾತೆಯಿಂದ ತುಂಬಿಸಿ.

ದುಡ್ಡು ಸೇರಿಸುವಾಗ

ಒಂದೇ ಸಲ ದೊಡ್ಡ ಮೊತ್ತಕ್ಕಿಂತ ತಿಂಗಳಿಗೆ ಸಣ್ಣದು ಮೇಲು. 40 ಮಂದಿ ತಿಂಗಳಿಗೆ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 48,000 ಆಯಿತು. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ, ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿಸಿ.

ನಮ್ಮಲ್ಲಿ ಗಲ್ಫಿನಲ್ಲಿರುವ ಭಾವ, ತಮ್ಮ, ಮಗನನ್ನು ಕೇಳದೆ ಯಾವ ಸಂಗ್ರಹವೂ ಮುಗಿಯುವುದಿಲ್ಲ. ಕೇಳಿ, ಆದರೆ ಎರಡು ವಿಷಯ ತಿಳಿದಿರಲಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎಂದು ಲೆಕ್ಕವಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ತೆಗೆದುಕೊಳ್ಳಬೇಕಾದರೆ ಮಾತ್ರ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು. ಸಣ್ಣ ನಿಧಿಗೆ ಆ ತಲೆಬಿಸಿ ಬೇಡ, ನಯವಾಗಿ ಬೇಡ ಎನ್ನಿ. ಎರಡನೆಯದು, ಯುಎಇಯಲ್ಲಿ ಅನುಮತಿ ಇಲ್ಲದೆ ಸಾರ್ವಜನಿಕವಾಗಿ ದೇಣಿಗೆ ಎತ್ತುವುದು ಅಪರಾಧ. 2021ರಲ್ಲಿ ಇದಕ್ಕೆ ಪ್ರತ್ಯೇಕ ಕಾನೂನೇ ಬಂದಿದೆ. ನೀವು ಕಳಿಸಿ ಎಂದು ಹೇಳಿ. ಅಲ್ಲಿ ಗ್ರೂಪ್ ಮಾಡಿ ಸಂಗ್ರಹಿಸಿ ಎಂದು ಮಾತ್ರ ಹೇಳಬೇಡಿ. ಪಾಪ, ದುಡಿಯಲು ಹೋದವರು ಅಲ್ಲಿ ಸಿಕ್ಕಿಬೀಳುವುದು ಬೇಡ.

ಯಾರಿಗೆ, ಎಷ್ಟು: ನಿಯಮ ಬರೆದಿಡಿ

ಬಡ ಮನೆಗಳಿಗೆ ಕೊಡುವ ಹಳದಿ ಅಥವಾ ಗುಲಾಬಿ ರೇಷನ್ ಕಾರ್ಡ್ ಇದ್ದರೆ ಬೇರೆ ಪ್ರಶ್ನೆ ಕೇಳಬೇಡಿ. ನೀಲಿ, ಬಿಳಿ ಕಾರ್ಡಿನವರಲ್ಲೂ ಕಷ್ಟದವರು ಇರುತ್ತಾರೆ, ಅಲ್ವಾ? ಅವರಿಗೆ ವಾರ್ಡ್ ಮೆಂಬರ್ ಅಥವಾ ಆಶಾ ಕಾರ್ಯಕರ್ತೆಯ ಒಂದು ಮಾತು ಸಾಕು. ಬಾಡಿಗೆ ಕೋಣೆಯಲ್ಲಿರುವ ಹೊರರಾಜ್ಯದ ಕೆಲಸಗಾರರಿಗೆ ಇಲ್ಲಿಯ ಕಾರ್ಡೇ ಇರುವುದಿಲ್ಲ. ಅವರೂ ನಾಯಿಮರಿ ಸಾಕುತ್ತಾರೆ. ಕಾರ್ಡ್ ಇಲ್ಲ ಎಂದು ಅವರನ್ನು ವಾಪಸ್ ಕಳಿಸಬೇಡಿ.

ಯಾವ ಕಾಯಿಲೆಗೆ ಎಂಬುದೂ ಬರೆದಿರಲಿ. ವಾಹನ ಬಡಿದದ್ದು, ಹಾವು ಕಚ್ಚಿದ್ದು, ವಿಷ ತಿಂದದ್ದು, ಪಾರ್ವೊ ಎಂಬ ವೈರಸ್ಸಿನಿಂದ ನಾಯಿಮರಿಗೆ ಬರುವ ಭೇದಿ, ಗಂಡು ಬೆಕ್ಕಿನ ಮೂತ್ರ ಕಟ್ಟಿದ್ದು, ಮರಿ ಹೊರಬಾರದೆ ಸಿಕ್ಕಿಕೊಂಡದ್ದು, ಗರ್ಭಕೋಶದಲ್ಲಿ ಕೀವು ತುಂಬಿದ್ದು, ಇವು ತುರ್ತು. ಉಣ್ಣಿ, ಕಜ್ಜಿ ತುರ್ತಲ್ಲ. ದನ, ಆಡಿಗೆ ವಿಮೆ, ಹಾಲಿನ ಸೊಸೈಟಿ ಎಂದು ಬೇರೆ ದಾರಿಗಳಿವೆ. ಅದನ್ನು ಈ ಲೆಕ್ಕಕ್ಕೆ ತರಬೇಡಿ.

ಒಂದು ಪ್ರಾಣಿಗೆ ಇಷ್ಟು ಎಂಬ ಮಿತಿ ಬೇಕು. 5,000 ಎಂದಿಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಕಾದರೆ, ಬದುಕುವ ಸಾಧ್ಯತೆ ಚೆನ್ನಾಗಿದೆ ಎಂದು ಡಾಕ್ಟ್ರು ಬರೆದುಕೊಟ್ಟಾಗ ಮಾತ್ರ, ಸಹಿದಾರರು ಒಪ್ಪಿ ಕೊಡಬಹುದು. ಮಿತಿ ಇಲ್ಲದಿದ್ದರೆ ಮೊದಲ ಎರಡು ಆಪರೇಷನ್‌ಗೆ ನಿಧಿ ಖಾಲಿಯಾಗಿ, ಮೂರನೆಯ ಮನೆಗೆ ಬರಿಗೈ.

ಮನೆಯವರ ಪಾಲು ಕಡ್ಡಾಯ ಮಾಡಬೇಕು, ಆಗಲೇ ಜವಾಬ್ದಾರಿ ಬರುತ್ತದೆ ಎನ್ನುವವರು ತುಂಬ ಮಂದಿ. ನಾನು ಒಪ್ಪುವುದಿಲ್ಲ. ಆಟೋ ಬಾಡಿಗೆ ಕೊಟ್ಟು, ಒಂದು ದಿನದ ಕೂಲಿ ಬಿಟ್ಟು, ನಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವರು ತಮ್ಮ ಪಾಲು ಆಗಲೇ ಕೊಟ್ಟಿದ್ದಾರೆ. ಇಷ್ಟಪಟ್ಟು ಕೊಟ್ಟರೆ ರಸೀದಿ ಬರೆದು ತೆಗೆದುಕೊಳ್ಳಿ, ಅಷ್ಟೇ.

ಫೋನ್ ಬಂದಾಗ

ವಾರಕ್ಕೊಬ್ಬರಂತೆ ಫೋನ್ ಪಾಳಿ ಇರಲಿ. ಪಾಳಿಯಲ್ಲಿರುವವರು ಕೇಳಬೇಕಾದ್ದು: ಏನಾಯಿತು, ಯಾವಾಗ? ಉಸಿರಾಟ ಹೇಗಿದೆ? ಮೂತ್ರ ಹೋಗಿದೆಯಾ? ತುಟಿ ಎತ್ತಿ ನೋಡಿದರೆ ಒಸಡು ಯಾವ ಬಣ್ಣ? ಗುಲಾಬಿ ಇದ್ದರೆ ಸ್ವಲ್ಪ ಸಮಾಧಾನ. ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ ಆ ಕ್ಷಣವೇ ಹೊರಡಬೇಕು.

ಬೆಕ್ಕಿನ ವಿಷಯದಲ್ಲಿ ಎಚ್ಚರ ಜಾಸ್ತಿ ಬೇಕು. ಮೂತ್ರ ಕಟ್ಟಿದ ಬೆಕ್ಕು ಮರಳಿನ ರಾಶಿಯ ಮೇಲೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂರುತ್ತದೆ. ಹನಿಯೂ ಬರುವುದಿಲ್ಲ. ಹಿಂಭಾಗ ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಹೊಟ್ಟೆಯ ಕೆಳಗೆ ಮೆಲ್ಲ ಮುಟ್ಟಿದರೆ ನಿಂಬೆಹಣ್ಣಿನ ಹಾಗೆ ಗಟ್ಟಿ ಉಂಡೆ ಸಿಗುತ್ತದೆ. ಮನೆಯವರು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ, ಒಂದು ಇಡೀ ದಿನ ಹಾಗೇ ಹೋಗುತ್ತದೆ. ಹೊಟ್ಟೆ ಒತ್ತಬೇಡಿ, ಏನೂ ಕುಡಿಸಬೇಡಿ, ನೇರ ಹೊರಡಿ ಎಂದು ಹೇಳಿ. ಇನ್ನೊಂದು ಮಾತು: ಜ್ವರ ಎಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಲೇಬಾರದು. ಒಂದು ಮಾತ್ರೆಯೂ ಅದನ್ನು ಕೊಲ್ಲಬಹುದು.

ನೋವಿನಲ್ಲಿರುವ ನಾಯಿ ಮನೆಯವರನ್ನೇ ಕಚ್ಚುತ್ತದೆ. ವಾಂತಿ, ಉಸಿರಿನ ತೊಂದರೆ ಇಲ್ಲದಿದ್ದರೆ ಬಟ್ಟೆಯಿಂದ ಮೂತಿ ಕಟ್ಟಿ. ಕಚ್ಚಿದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಲಿ. ರೇಬಿಸ್ ಚುಚ್ಚುಮದ್ದು ಅಲ್ಲಿ ಸಿಗುತ್ತದೆ.

ಆಟೋ ಹೊರಟ ಮೇಲೆ ಪಾಳಿಯವರು ಕ್ಲಿನಿಕ್‌ಗೆ ಫೋನ್ ಮಾಡಲಿ. ಡಾಕ್ಟ್ರು ನೋಡಿ, ಕಾಯಿಲೆ ಏನು, ಅಂದಾಜು ಎಷ್ಟು ಎಂದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಸಹಿದಾರರಲ್ಲಿ ಇಬ್ಬರು ಒಪ್ಪಿದ ಕೂಡಲೇ ದುಡ್ಡು ಕ್ಲಿನಿಕ್‌ನ ಖಾತೆಗೆ ಹೋಗಲಿ. ಮನೆಯವರ ಕೈಗೆ ಬೇಡ. ಅವರನ್ನು ನಂಬುವುದಿಲ್ಲ ಎಂದಲ್ಲ. ಸಾಲ ಇರುವ ಮನೆಗೆ ಐದು ಸಾವಿರ ಬಂದಿದೆ ಎಂದು ಗೊತ್ತಾದರೆ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ.

ಪಾರ್ವೊ ಬಂದ ಮರಿಯ ಲೆಕ್ಕ ಬೇರೆ. ರಕ್ತಭೇದಿ, ವಾಂತಿಯಲ್ಲಿ ಮೈಯ ನೀರೆಲ್ಲ ಹೋಗುತ್ತದೆ. ಐದರಿಂದ ಏಳು ದಿನ ಡ್ರಿಪ್ ಬೇಕಾಗಬಹುದು. ಪಂಚಾಯತಿಯ ಮೃಗಾಸ್ಪತ್ರೆಯಲ್ಲೇ ಡಾಕ್ಟ್ರು ಡ್ರಿಪ್ ಹಾಕುತ್ತಾರೆ, ಮದ್ದು ಮಾತ್ರ ಹೊರಗೆ ಬರೆದುಕೊಡುವುದೇ ಹೆಚ್ಚು. ಅದಕ್ಕಾಗಿ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ನಿಧಿಯ ಹೆಸರಿಗೆ ಲೆಕ್ಕ ಇಡಿ. ಚೀಟಿ ತೋರಿಸಿದರೆ ಸಲೈನ್, ಇಂಜೆಕ್ಷನ್ ಕೊಡಲಿ, ತಿಂಗಳ ಕೊನೆಗೆ ಬಿಲ್ ನಿಮಗೆ ಬರಲಿ. ಒಂದು ಆಪರೇಷನ್ನಿನ ದುಡ್ಡಿನಲ್ಲಿ ಹೀಗೆ ಹಲವು ಮರಿಗಳು ಬದುಕುತ್ತವೆ.

ಉಳಿಯುವುದಿಲ್ಲ ಎಂದಾಗ

ಬೆನ್ನುಮೂಳೆ ಮುರಿದ ನಾಯಿಯನ್ನು ಉಳಿಸಲಾಗದು ಎಂದು ಡಾಕ್ಟ್ರು ಹೇಳಿದರೆ, ನೋವಿಲ್ಲದೆ ಕಳಿಸಿಕೊಡುವ ಇಂಜೆಕ್ಷನ್ನಿನ ಖರ್ಚನ್ನೂ ನಿಧಿಯೇ ಕೊಡಲಿ. ತೀರ್ಮಾನ ಮಾತ್ರ ಮನೆಯವರದ್ದು. ದುಡ್ಡು ಕೊಡುವವರು ನಾವು ಎಂದು ಅಲ್ಲಿ ಒತ್ತಾಯ ಮಾಡಬಾರದು. ಮಕ್ಕಳಿದ್ದರೆ ಅವರಿಗೆ ಒಮ್ಮೆ ಮುಟ್ಟಿ ಬೀಳ್ಕೊಡಲು ಅವಕಾಶ ಕೊಡಿ.

ಲೆಕ್ಕ, ಮತ್ತು ಉಳಿದ ದುಡ್ಡು

ಪ್ರತಿ ತಿಂಗಳು ಕ್ಲಬ್ಬಿನ ಬೋರ್ಡಿನಲ್ಲಿ ಲೆಕ್ಕ ಹಚ್ಚಿ: ಬಂದದ್ದು, ಹೋದದ್ದು, ಪ್ರಾಣಿ ಯಾವುದು, ಕಾಯಿಲೆ ಏನು. ಮನೆಯವರ ಹೆಸರು, ಫೋಟೊ ಬೇಡವೇ ಬೇಡ. ಬಿಲ್ಲುಗಳು ಕಡತದಲ್ಲಿರಲಿ, ದುಡ್ಡು ಕೊಟ್ಟ ಯಾರು ಬಂದು ಕೇಳಿದರೂ ತೋರಿಸಿ.

ವರ್ಷದ ಕೊನೆಗೆ ಉಳಿದರೆ ಅರ್ಧವನ್ನು ಮುಂದಿನ ವರ್ಷಕ್ಕೆ ಇಟ್ಟು, ಉಳಿದದ್ದನ್ನು ಲಸಿಕೆಗೆ ಹಾಕಿ. ಪಾರ್ವೊ ಸೇರಿದ ಲಸಿಕೆ ಮರಿಗೆ ಆರರಿಂದ ಎಂಟು ವಾರದಲ್ಲಿ ಶುರುವಾಗಬೇಕು, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮತ್ತೆ ಕೊಡಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಮೃಗಾಸ್ಪತ್ರೆಯ ಡಾಕ್ಟ್ರ ಹತ್ತಿರ ದಿನ ಗೊತ್ತು ಮಾಡಿ, ಮಳೆ ಹಿಡಿಯುವ ಮೊದಲೇ ಒಂದು ಕ್ಯಾಂಪ್ ಮಾಡಿಸಿ. ಭಾನುವಾರ ಬೆಳಗ್ಗೆ ಇಟ್ಟರೆ ಕೂಲಿ ಬಿಟ್ಟು ಬರಬೇಕಾಗುವುದಿಲ್ಲ.