ಕಾಫಿ ತೋಟಕ್ಕೆ ಹೊಂದುವ ಹೈಡ್ ಬಟ್ಟೆ: ಮನೆಯಲ್ಲೇ ಅಚ್ಚು ಹಾಕುವ ಬಗೆ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹಕ್ಕಿ ಫೋಟೊಗೆ ಮರೆಯಾಗಿ ಕೂರುವ ಬಟ್ಟೆಗೂಡಿಗೆ, ಅಂದರೆ ಹೈಡ್‌ಗೆ ನಾನು ಮಿಲಿಟರಿ ಡಿಸೈನಿನ ಬಟ್ಟೆ ಹಾಕುವುದಿಲ್ಲ. ನಮ್ಮ ಸೇನೆಯ ಈಗಿನ ಡಿಜಿಟಲ್ ವಿನ್ಯಾಸ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಜೊತೆ ಸೇರಿ ರೂಪಿಸಿದ್ದು, 2022ರ ಜನವರಿ 15ರ ಸೇನಾ ದಿನದಂದು ಹೊರಬಂತು. ಅದರ ವಿನ್ಯಾಸದ ಹಕ್ಕು ಸೇನೆಯ ಹೆಸರಿನಲ್ಲಿ ನೋಂದಣಿಯಾಗಿದೆ, ಹಾಗಾಗಿ ನಕಲು ಮಾಡುವ ಮಾತೇ ಇಲ್ಲ. ಸೈನಿಕನೆಂದು ನಂಬಿಸಲು ಅಂಥ ಉಡುಪು ತೊಡುವುದಂತೂ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಅದಿರಲಿ, ನನಗೆ ಆ ಬಟ್ಟೆ ಬೇಕಾಗಿಯೂ ಇಲ್ಲ. ಸೇನೆಯ ವಿನ್ಯಾಸ ಕಾಡು, ಬಯಲು, ಬೆಟ್ಟ ಎಲ್ಲಕ್ಕೂ ಒಂದಿಷ್ಟು ಹೊಂದಬೇಕು. ಹೈಡ್ ಹೊಂದಬೇಕಾದದ್ದು ಒಂದೇ ತೋಟದ ಒಂದೇ ಮೂಲೆಗೆ, ಅದೂ ಹತ್ತು ಮೀಟರ್ ದೂರದಿಂದ ನೋಡುವ ಕಣ್ಣಿಗೆ.

ಆದರೂ ಸೇನೆಗಳ ಅನುಭವದಿಂದ ಕಲಿಯುವುದು ಬಹಳ ಇದೆ. ಚೌಕಚೌಕದ ಡಿಜಿಟಲ್ ವಿನ್ಯಾಸವನ್ನು ಮೊದಲು ಕೆನಡಾ ಸೇನೆ ತಂದಿತು, ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ಅಮೆರಿಕದ ಭೂಸೇನೆ ಕಪ್ಪೇ ಇಲ್ಲದ, ಬೂದು ಬಣ್ಣ ಹೆಚ್ಚಿದ ಒಂದು ವಿನ್ಯಾಸವನ್ನು ಎಲ್ಲ ನೆಲಕ್ಕೂ ಆಗುತ್ತದೆಂದು ತಂದು, ಅಫ್ಘಾನಿಸ್ತಾನದಲ್ಲಿ 2010ರಲ್ಲಿ ಬದಲಿಸಬೇಕಾಯಿತು. ಚೌಕಗಳು ಸಣ್ಣವು, ಗಾಢ–ತಿಳಿ ವ್ಯತ್ಯಾಸ ಕಮ್ಮಿ. ದೂರ ಹೋದಂತೆ ಎಲ್ಲ ಕಲೆತು ಒಂದೇ ತಿಳಿ ಬೂದಾಗಿ, ಆಳಿನ ಆಕಾರ ಎದ್ದು ಕಾಣುತ್ತಿತ್ತು.

ಇದರ ಲೆಕ್ಕ ಸುಲಭ. ಮನುಷ್ಯನ ಕಣ್ಣು 10 ಮೀಟರಿನಲ್ಲಿ ಸುಮಾರು 3 ಮಿಲಿಮೀಟರ್, 30 ಮೀಟರಿನಲ್ಲಿ 9 ಮಿಲಿಮೀಟರ್‌ವರೆಗಿನ ಗುರುತನ್ನು ಬಿಡಿಸಿ ನೋಡುತ್ತದೆ. ಅದಕ್ಕಿಂತ ಸಣ್ಣ ಚುಕ್ಕಿ ಹಾಕಿದರೆ ಶ್ರಮ ದಂಡ. ನಾನು ಎರಡೇ ಅಳತೆ ಇಟ್ಟುಕೊಳ್ಳುತ್ತೇನೆ: 25ರಿಂದ 40 ಸೆಂಟಿಮೀಟರಿನ ದೊಡ್ಡ ತೇಪೆ, ಅದರ ಅಂಚು ಒಡೆಯಲು 1ರಿಂದ 3 ಸೆಂಟಿಮೀಟರಿನ ಚೂರು. ದೊಡ್ಡದು ಹೈಡಿನ ಆಕಾರವನ್ನು ಮುರಿಯುತ್ತದೆ, ಸಣ್ಣದು ಎಲೆಗಳ ಜೊತೆ ಬೆರೆಯುತ್ತದೆ.

1.2 ಮೀಟರ್ ಅಗಲ, ಅಷ್ಟೇ ಉದ್ದ, 1.4 ಮೀಟರ್ ಎತ್ತರದ ಚೌಕಟ್ಟಿಗೆ 60 ಇಂಚು ಪನ್ನದ (ಅಗಲದ) ಕೋರಾ ಕಾಟನ್ (ಬಿಳುಪು ಮಾಡದ ಹತ್ತಿ ಬಟ್ಟೆ) 6.5 ಮೀಟರ್ ಸಾಕು. ಬಿಳುಪು ಮಾಡಿದ ಬಟ್ಟೆ ಬೇಡ, ಅದರಲ್ಲಿ ಹೊಳಪಿನ ರಾಸಾಯನಿಕ ಇರುತ್ತದೆ. ಪಾಲಿಯೆಸ್ಟರ್ ಒದ್ದೆಯಾದರೆ ಮಿನುಗುತ್ತದೆ, ಗಾಳಿಗೆ ಚರಚರ ಅನ್ನುತ್ತದೆ. ಕೋರಾದಲ್ಲಿ ಗಂಜಿ ಇರುವುದರಿಂದ 10 ಲೀಟರ್ ನೀರಿಗೆ 30 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಬೇಕು. ಈ ಕೆಲಸ ತಪ್ಪಿಸಿದರೆ ಬಣ್ಣ ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ.

ತಳದ ಬಣ್ಣಕ್ಕೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಚೊಗರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿದ ನೀರಿನಲ್ಲಿ ಅದ್ದಿದರೆ ಕೆಂಪು ಇಳಿದು ಮಬ್ಬು ಕಂದು ಬರುತ್ತದೆ. ಒಣಗಿದ ಬಟ್ಟೆ ಒಂದು ಕಿಲೋ ಇದ್ದರೆ ಅನ್ನಭೇದಿ 20ರಿಂದ 30 ಗ್ರಾಂ, ಮೀರಿದರೆ ಕಬ್ಬಿಣದಂಶಕ್ಕೆ ನೂಲು ಜೀರ್ಣವಾಗಿ ಬಟ್ಟೆ ಹರಿಯುತ್ತದೆ. ಚೊಗರಿನ ಗಾಢತೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ, ಹಾಗಾಗಿ ಮೊದಲು ತುಂಡು ಬಟ್ಟೆಯಲ್ಲಿ ನೋಡಿ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ.

ವಿನ್ಯಾಸಕ್ಕೆ ಜಾಗದ ಫೋಟೊ ಬೇಕು. ಹಕ್ಕಿ ಕೂರುವ ಕಡೆಯಿಂದ, ಹಕ್ಕಿಯ ಎತ್ತರದಿಂದ, ಹೈಡ್ ಬರುವ ಜಾಗದತ್ತ ತೆಗೆಯಬೇಕು. ಅದನ್ನು ಫೋಟೊ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ನಾಲ್ಕೇ ಬಣ್ಣಕ್ಕೆ ಇಳಿಸಿದರೆ ಪ್ರಮಾಣ ತಾನಾಗಿ ಕಾಣುತ್ತದೆ. ನೆರಳಿನ ರೋಬಸ್ಟಾ ತೋಟಕ್ಕೆ ನನ್ನ ಲೆಕ್ಕ: ತಳದ ಕಂದು 40 ಪಾಲು, ಮಾಸಲು ಹಸಿರು 25, ಒಣ ಎಲೆ ಬಣ್ಣ 20, ಕರಿಗಂದು 15. ಹಸಿರು ಜಾಸ್ತಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಕಾಫಿ ಗಿಡದ ಬುಡದಲ್ಲಿ ಕಾಣುವುದು ಹೆಚ್ಚಾಗಿ ತರಗು, ಕಾಂಡ, ನೆರಳು.

ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಅಚ್ಚು ಮಾಡಿ, ಸ್ಪಂಜಿನಿಂದ ತಟ್ಟಿ. ಸ್ಕ್ರೀನ್ ಪ್ರಿಂಟಿಂಗ್‌ನವರ ಬೈಂಡರ್ ಪೇಸ್ಟ್ (ಬಣ್ಣವನ್ನು ಬಟ್ಟೆಗೆ ಅಂಟಿಸುವ ಪೇಸ್ಟ್) ಒಟ್ಟು 1 ಕಿಲೋ, ಅದಕ್ಕೆ 30ರಿಂದ 50 ಗ್ರಾಂ ಪಿಗ್ಮೆಂಟ್ (ಬಣ್ಣ). ಸ್ಪಂಜು ಜಾಸ್ತಿ ಒದ್ದೆಯಾದರೆ ಬಣ್ಣ ಫಿಲ್ಮಿನಡಿ ನುಸುಳಿ ಅಂಚು ಹಾಳಾಗುತ್ತದೆ. ತೇಪೆಗಳು ಕಾಂಡದಂತೆ ನಿಲುವಾಗಿರಲಿ, ಮಲಗಿಸಬೇಡಿ. ಒಂದೇ ಅಚ್ಚನ್ನು ಮಗುಚಿ, ಓರೆ ಮಾಡಿ ಬಳಸಿದರೆ ಸಾಲು ಗೊತ್ತಾಗುವುದಿಲ್ಲ. ಮೇಲಿನ ಹೊದಿಕೆಗೆ ಆಕಾಶದ ಬೆಳಕು ಬೀಳುವುದರಿಂದ ಅಲ್ಲಿ ಕರಿಗಂದು ಹೆಚ್ಚು, ಕೆಳಗಿನ ಮೊಳದಷ್ಟು ಭಾಗಕ್ಕೆ ಒಣ ಎಲೆ ಬಣ್ಣ ಹೆಚ್ಚು. ಒಂದು ದಿನ ಒಣಗಿಸಿ, ಕಾಟನ್ ಬಿಸಿಯಲ್ಲಿ ಒಂದೊಂದು ಜಾಗಕ್ಕೂ ನಾಲ್ಕೈದು ನಿಮಿಷ ಇಸ್ತ್ರಿ ಆಡಿಸಬೇಕು. ಇದಾಗದಿದ್ದರೆ ಮೊದಲ ಮಳೆಗೇ ಬಣ್ಣ ಬಿಡುತ್ತದೆ.

ಪರೀಕ್ಷೆ: ಜಾಗದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಹೈಡಿನ ಚೌಕಾಕಾರ ಕಂಡರೆ ಬಣ್ಣದ ದೋಷವಲ್ಲ, ಗಾಢ–ತಿಳಿಯ ಕೊರತೆ. ಕರಿಗಂದನ್ನು ಅಂಚು ದಾಟಿಸಿ ಪಕ್ಕದ ಬದಿಗೂ ಹರಿಯುವಂತೆ ಹಾಕಿದರೆ ಸರಿಹೋಗುತ್ತದೆ.

ಸೇನೆಯ ಬಟ್ಟೆಗೆ ಅವಕೆಂಪು (ಇನ್ಫ್ರಾರೆಡ್) ಕಿರಣದಲ್ಲೂ ಎಲೆಯಂತೆ ಕಾಣುವ ಬಣ್ಣ ಬೇಕು, ರಾತ್ರಿ ನೋಡುವ ಉಪಕರಣಗಳಿಂದ ತಪ್ಪಿಸಿಕೊಳ್ಳಲು. ಹಕ್ಕಿಗೆ ಅವಕೆಂಪು ಕಾಣದು, ಆ ಖರ್ಚು ನಮಗೆ ಬೇಡ. ಆದರೆ ಬಹಳಷ್ಟು ಹಕ್ಕಿಗಳಿಗೆ ನೇರಳಾತೀತ ಕಾಣುತ್ತದೆ, ಸೋಪಿನ ಪುಡಿಯಲ್ಲಿರುವ ಹೊಳಪಿನ ರಾಸಾಯನಿಕ ಅಲ್ಲೇ ಕೆಡಿಸುವುದು. ಕತ್ತಲೆಯಲ್ಲಿ 365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್ ಬಿಡಿ. ಬಟ್ಟೆ ಮಬ್ಬಾಗಿದ್ದರೂ ಅಂಚಿನುದ್ದಕ್ಕೆ ನೀಲಿ ಗೆರೆಯೊಂದು ಉರಿದಂತೆ ಕಂಡರೆ ಅದು ಹೊಲಿಗೆಯ ದಾರ. ಬಿಚ್ಚಿ ಬೇರೆ ದಾರ ಹಾಕಬೇಕು. ಒಗೆಯಲು ಅಂಟುವಾಳಕಾಯಿ ಸಾಕು.

ಒಳಗಿನಿಂದ ಕಪ್ಪು ಅಸ್ತರು ಹೊಲಿಯಿರಿ, ಇಲ್ಲದಿದ್ದರೆ ಹಿಂದಿನ ಬೆಳಕಿಗೆ ಲೆನ್ಸ್ ಕಿಂಡಿಯಲ್ಲಿ ಕೈಯಾಡುವುದು ಕಾಣುತ್ತದೆ. ಕೆಳ ಅಂಚಿಗೆ ಅರ್ಧ ಕಿಲೋ ಮರಳಿನ ಚೀಲಗಳನ್ನು ಕಟ್ಟಿ. ಬಟ್ಟೆ ಪಟಪಟ ಬಡಿದರೆ ಎಂಥ ವಿನ್ಯಾಸವಿದ್ದರೂ ಕಾಡುಕೋಳಿ ಹತ್ತಿರ ಸುಳಿಯದು. ಮಳೆಗಾಲದಲ್ಲಿ ಮಡಿಸಿಡಬೇಡಿ, ಬೂಷ್ಟು ಹಿಡಿಯುತ್ತದೆ. ಅಟ್ಟದಲ್ಲಿ ಒಲೆಯ ಬಿಸಿ ತಾಕುವಲ್ಲಿ ತೂಗುಹಾಕಿ, ಹೊಗೆವಾಸನೆಗೆ ಹಕ್ಕಿಗಳು ತಲೆಕೆಡಿಸಿಕೊಳ್ಳುವುದಿಲ್ಲ.