ನೋಟಕ್ಕಿಂತ ಎತ್ತರ ಮುಖ್ಯ: ಟೈಬೀ ದ್ವೀಪದಲ್ಲಿ ಮನೆ ಮಾಡಿದ ನನ್ನ ಅನುಭವ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಸವಾನಾ ನಗರದಿಂದ ಪೂರ್ವಕ್ಕೆ 18 ಮೈಲಿ ದೂರದಲ್ಲಿ, ಸವಾನಾ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಅಳಿವೆಯ ಮಗ್ಗುಲಲ್ಲಿ ಟೈಬೀ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ವರ್ಷವಿಡೀ ನೆಲೆಸಿರುವವರು ಸುಮಾರು 3,000 ಮಂದಿ. ಬೇಸಿಗೆಯ ವಾರಾಂತ್ಯಗಳಲ್ಲಿ ಬಂದು ಹೋಗುವವರು ಅದರ ಹಲವು ಪಟ್ಟು. ಸವಾನಾ ಬಂದರಿಗೆ ಸಂಬಂಧಿಸಿದ ಸರಕು ಸಾಗಣೆಯ ಕೆಲಸಕ್ಕೆಂದು ಬಂದ ನನ್ನ ಬಹುತೇಕ ಭಾರತೀಯ ಸಹೋದ್ಯೋಗಿಗಳು ನಗರದ ಪಶ್ಚಿಮಕ್ಕಿರುವ ಪೂಲರ್‌ನ ಹೊಸ ಬಡಾವಣೆಗಳಲ್ಲಿ ಮನೆ ಮಾಡಿದರು. ನಾನು ಕುಮಟಾ ಸೀಮೆಯವನು. ಅಘನಾಶಿನಿ ನದಿಯ ದಡದ, ಉಪ್ಪುನೀರು ಹೊಗುವ ಗಜನಿ ಗದ್ದೆಗಳನ್ನು ನೋಡುತ್ತ ಬೆಳೆದವನಿಗೆ ಟೈಬೀಗೆ ಹೋಗುವ ದಾರಿಯ ಎರಡೂ ಬದಿಯ ಉಪ್ಪುನೀರಿನ ಜವುಗು ಹುಲ್ಲುಗಾವಲು ಅಪರಿಚಿತವೆನಿಸಲಿಲ್ಲ. ನಾನೂ ಹೆಂಡತಿಯೂ ಅಲ್ಲೇ ಮನೆ ಕೊಳ್ಳುವುದೆಂದು ನಿಶ್ಚಯಿಸಿದೆವು. ಆ ಮನೆಯನ್ನು ಹೇಗೆ ಆರಿಸಿದೆವು, ಅಲ್ಲಿ ಹೇಗೆ ಬಾಳುತ್ತಿದ್ದೇವೆ ಎಂಬುದನ್ನು, ಇಂಥ ಊರುಗಳಲ್ಲಿ ನೆಲೆಸಲು ಯೋಚಿಸುತ್ತಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮನೆ ತೋರಿಸುವ ದಲ್ಲಾಳಿಗಳು ಮೊದಲು ಕರೆದೊಯ್ಯುವುದು ಮಹಡಿಯ ಜಗಲಿಗೆ. ಅಲ್ಲಿಂದ ಕಡಲು ಕಾಣುತ್ತದೆ, ಮನಸ್ಸು ಅರ್ಧ ಸೋಲುತ್ತದೆ. ನಾವು ಪ್ರತಿ ಮನೆಯಲ್ಲೂ ಜಗಲಿಗೆ ಹತ್ತುವ ಮೊದಲು ಕೇಳುತ್ತಿದ್ದುದು ಒಂದು ಕಾಗದವನ್ನು: ಸರ್ವೇಯರ್ ಅಳೆದು ಸಹಿ ಹಾಕಿದ ಎಲಿವೇಶನ್ ಸರ್ಟಿಫಿಕೇಟ್. ಮನೆಯ ಅತ್ಯಂತ ಕೆಳಗಿನ ವಾಸದ ನೆಲ ಸರಕಾರದ ಪ್ರವಾಹ ನಕ್ಷೆ ಗುರುತಿಸಿದ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆ ಅಥವಾ ಕೆಳಗಿದೆ ಎಂಬುದನ್ನು ಅದು ಅಡಿಗಳಲ್ಲಿ ಹೇಳುತ್ತದೆ. ನಕ್ಷೆಯಲ್ಲಿ ‘ಎಇ’ ಎಂದಿದ್ದರೆ ಪ್ರವಾಹ ಬರಬಹುದಾದ ವಲಯ. ‘ವಿಇ’ ಎಂದಿದ್ದರೆ ಪ್ರವಾಹದ ಮೇಲೆ ಮೂರು ಅಡಿ ಅಥವಾ ಅದಕ್ಕೂ ಎತ್ತರದ ತೆರೆಗಳು ಬಂದು ಬಡಿಯುವ ವಲಯ. ಎರಡನೆಯದರಲ್ಲಿ ಮನೆ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಈ ನಕ್ಷೆಯ ಮಟ್ಟವನ್ನು ಜನ ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂದು ಕರೆದು ನಿಶ್ಚಿಂತರಾಗುತ್ತಾರೆ. ಅದು ನಿಜವಾಗಿ ಯಾವುದೇ ಒಂದು ವರ್ಷದಲ್ಲಿ ನೂರಕ್ಕೆ ಒಂದರಷ್ಟು ಸಾಧ್ಯತೆಯಿರುವ ಪ್ರವಾಹ. 30 ವರ್ಷದ ಗೃಹಸಾಲದ ಅವಧಿಯಲ್ಲಿ ಅಂಥದ್ದು ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26ರಷ್ಟು. ಲೆಕ್ಕ ಹೀಗಿರುವಾಗ ಕಡಲಿನ ನೋಟಕ್ಕೆ ಹೆಚ್ಚು ಹಣ ಕೊಟ್ಟು ನೆಲದ ಎತ್ತರದಲ್ಲಿ ಚೌಕಾಸಿ ಮಾಡುವುದು ನನಗೆ ಸರಿಕಾಣಲಿಲ್ಲ.

ಟೈಬೀಯ ಹಳೆಯ ಮನೆಗಳಲ್ಲಿ ಎರಡು ಬಗೆ. ಕಂಬಗಳ ಮೇಲೆ ಒಂದು ಅಂತಸ್ತಿನಷ್ಟು ಎತ್ತಿ ಕಟ್ಟಿದ ಮರದ ಮನೆಗಳು ಒಂದು; ನೆಲಕ್ಕೆ ಅಂಟಿದಂತೆ ಕಟ್ಟಿದ ತಗ್ಗಿನ ಮನೆಗಳು ಇನ್ನೊಂದು. ಎರಡನೆಯ ಬಗೆಯವು ಅಗ್ಗವಾಗಿ ಸಿಗುತ್ತವೆ, ನವೀಕರಿಸಿದರಾಯಿತು ಎಂದು ಅನಿಸುತ್ತದೆ. ಆದರೆ ಪ್ರವಾಹ ವಲಯದ ಒಂದು ನಿಯಮವನ್ನು ಇಲ್ಲಿ ನೆನಪಿಡಬೇಕು. ಕಟ್ಟಡದ ಮಾರುಕಟ್ಟೆ ಬೆಲೆಯ, ಅಂದರೆ ನಿವೇಶನದ ಬೆಲೆಯನ್ನು ಬಿಟ್ಟು ಉಳಿದದ್ದರ, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಖರ್ಚಿನ ನವೀಕರಣ ಮಾಡಿದರೂ, ಅಷ್ಟೇ ಪ್ರಮಾಣದ ಹಾನಿಯಾಗಿ ದುರಸ್ತಿ ಮಾಡಿಸಿದರೂ, ಇಡೀ ಮನೆಯನ್ನು ಈಗಿನ ನಿಯಮದ ಎತ್ತರಕ್ಕೆ ತರಬೇಕಾಗುತ್ತದೆ. ಕಡಲ ತೀರದಲ್ಲಿ ಬೆಲೆಯೆಲ್ಲ ಜಾಗಕ್ಕೆ, ಹಳೆಯ ಕಟ್ಟಡಕ್ಕೆ ಬೆಲೆ ಅಲ್ಪ; ಹಾಗಾಗಿ ಅಡುಗೆಮನೆ ಮತ್ತು ಛಾವಣಿಯನ್ನು ಹೊಸದು ಮಾಡುವಷ್ಟರಲ್ಲೇ ಅರ್ಧದ ಗಡಿ ಹತ್ತಿರ ಬಂದಿರುತ್ತದೆ. ಕಡಲಿನಿಂದ ಕೆಲವು ಬೀದಿ ಒಳಗಿರುವ, ಕಂಬದ ಮೇಲಿನ ಹಳೆಯ ಮನೆಯೊಂದನ್ನು ನಾವು ಕೊಂಡದ್ದು ಇದೇ ಕಾರಣಕ್ಕೆ. ಕೆಳಗಿನ ಜಾಗದಲ್ಲಿ ಕಾರು, ಸೈಕಲ್ಲು, ಏಡಿ ಹಿಡಿಯುವ ಪಂಜರ ಇಷ್ಟೇ ಇವೆ. ಅಲ್ಲಿ ಕೋಣೆ ಮಾಡಿ ಬಾಡಿಗೆಗೆ ಕೊಡಬಾರದೇ ಎಂದು ಊರಿನಿಂದ ಬಂದ ಬಂಧುಗಳೆಲ್ಲರೂ ಕೇಳುತ್ತಾರೆ. ನಿಯಮ ಬಿಡುವುದಿಲ್ಲ, ನೀರು ಬಂದರೆ ತಡೆಯಿಲ್ಲದೆ ಹಾದುಹೋಗಲೆಂದೇ ಆ ಜಾಗ ಇರುವುದು.

ವಿಮೆಯ ವಿಷಯ ಬೇಸರದ್ದಾದರೂ ಬಿಡುವಂತಿಲ್ಲ. ಸಾಮಾನ್ಯ ಗೃಹವಿಮೆ ಪ್ರವಾಹದ ಹಾನಿಯನ್ನು ತುಂಬಿಕೊಡುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಕೇಂದ್ರ ಸರಕಾರದ ಪ್ರವಾಹ ವಿಮಾ ಯೋಜನೆಯಲ್ಲಿ ವಾಸದ ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನಿಗೆ ಗರಿಷ್ಠ 1,00,000 ಡಾಲರ್ ಸಿಗುತ್ತದೆ. ಮನೆ ಕೊಳ್ಳುವಾಗ ಸಾಲದ ಜೊತೆಗೇ ಮಾಡಿಸಿದರೆ ವಿಮೆ ಕೂಡಲೇ ಜಾರಿಗೆ ಬರುತ್ತದೆ. ಆಮೇಲೆ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಚಂಡಮಾರುತ ಸುದ್ದಿಯಲ್ಲಿ ಕಾಣಿಸಿಕೊಂಡ ಮೇಲೆ ಏಜೆಂಟರಿಗೆ ಫೋನ್ ಮಾಡಿ ಫಲವಿಲ್ಲ. ಗಾಳಿಯ ಹಾನಿಯ ಲೆಕ್ಕವೂ ಪ್ರತ್ಯೇಕ: ನಾವು ಮೊದಲು ಕೈಯಿಂದ ಹಾಕಬೇಕಾದ ಹಣವನ್ನು ಕರಾವಳಿಯ ಪಾಲಿಸಿಗಳಲ್ಲಿ ಬಹುಮಟ್ಟಿಗೆ ಶೇಕಡಾವಾರಿನಲ್ಲಿ ಬರೆದಿರುತ್ತಾರೆ. ನಾಲ್ಕು ಲಕ್ಷ ಡಾಲರ್ ವಿಮೆಯ ಮನೆಗೆ ಶೇಕಡಾ 5 ಎಂದಿದ್ದರೆ ಮೊದಲ 20,000 ಡಾಲರ್ ನಮ್ಮದೇ. ಆ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟುಕೊಂಡೇ ನಾವು ಮನೆಗೆ ಬಂದೆವು.

ಇನ್ನು ನೀರು. ಟೈಬೀಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಸರಾಸರಿ ಏಳು ಅಡಿ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಅದಕ್ಕಿಂತ ಹೆಚ್ಚು. ನಮ್ಮ ಕುಮಟಾ ಕಡೆಯಲ್ಲಿ ಅಷ್ಟು ಏರಿಳಿತವಿಲ್ಲ. ಫ್ಲೋರಿಡಾದಿಂದ ಉತ್ತರ ಕೆರೊಲಿನಾದವರೆಗಿನ ಕರಾವಳಿ ಬಿಲ್ಲಿನಂತೆ ಒಳಕ್ಕೆ ಬಾಗಿದ್ದು, ಜಾರ್ಜಿಯಾ ಆ ಬಾಗಿನ ನಟ್ಟನಡುವೆ ಇರುವುದರಿಂದ ಉಬ್ಬರದ ನೀರು ಇಲ್ಲಿ ಒತ್ತಿ ಏರುತ್ತದೆ. ದ್ವೀಪದ ದಕ್ಷಿಣ ತುದಿಯಲ್ಲಿ ಇಳಿತದ ವೇಳೆ ವಿಶಾಲವಾದ ಮರಳದಿಣ್ಣೆ ತೆರೆದುಕೊಳ್ಳುತ್ತದೆ. ಪ್ರವಾಸಿಗರು ಮಕ್ಕಳೊಡನೆ ಅದರ ತುದಿಯವರೆಗೆ ನಡೆದು ಹೋಗುತ್ತಾರೆ, ನೀರು ಹಿಂದಿನಿಂದ ತುಂಬಿ ಬಂದು ದಾರಿ ಮುಚ್ಚಿದ ಮೇಲೆ ಸಹಾಯಕ್ಕೆ ಕೂಗುತ್ತಾರೆ. ಹಿಂಬದಿಯ ಹೊಳೆಯ ಸೆಳೆತ ಅಲ್ಲಿ ಬಲವಾಗಿದ್ದು, ಈಜು ಬಲ್ಲವರೂ ಸೋಲುತ್ತಾರೆ. ಮನೆಗೆ ಅತಿಥಿಗಳು ಬಂದರೆ ಕಾಫಿಗಿಂತ ಮೊದಲು ಅಂದಿನ ಉಬ್ಬರದ ವೇಳೆಯನ್ನು ಅವರಿಗೆ ಹೇಳುವುದು ನಮ್ಮ ರೂಢಿಯಾಗಿದೆ.

ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ ಉಬ್ಬರದ ಪಟ್ಟಿಯ ಮುಖ್ಯ ಉಪಯೋಗ ಮಾತ್ರ ಸ್ನಾನಕ್ಕಲ್ಲ, ರಸ್ತೆಗೆ. ದ್ವೀಪಕ್ಕೆ ಇರುವುದು ಒಂದೇ ರಸ್ತೆ, ಯುಎಸ್ 80. ಒಂದು ಕಾಲದಲ್ಲಿ ಇಲ್ಲಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋವರೆಗೆ, ಒಂದು ಸಾಗರದಿಂದ ಇನ್ನೊಂದು ಸಾಗರಕ್ಕೆ ಹೋಗುತ್ತಿದ್ದ ಹೆದ್ದಾರಿ ಅದು; ಈಗ ಡಲ್ಲಾಸ್‌ನಲ್ಲಿ ಮುಗಿಯುತ್ತದೆ. ಇಂಥ ಹಿರಿಮೆಯ ರಸ್ತೆ ತನ್ನ ಮೊದಲ ಕೆಲವು ಮೈಲಿಗಳಲ್ಲೇ ಜವುಗಿನ ಮಟ್ಟಕ್ಕೆ ತಗ್ಗಿ ಸಾಗುತ್ತದೆ. ಪಕ್ಕದ ಫೋರ್ಟ್ ಪುಲಾಸ್ಕಿ ಎಂಬ ಹಳೆಯ ಕೋಟೆಯ ಬಳಿಯಿರುವ ಮಾಪಕ 1935ರಿಂದ ಕಡಲ ಮಟ್ಟವನ್ನು ದಾಖಲಿಸುತ್ತಿದೆ. ಅಲ್ಲಿಂದೀಚೆಗೆ ಮಟ್ಟ ಸುಮಾರು ಒಂದಡಿ ಏರಿದೆ. ಆ ಮಾಪಕದಲ್ಲಿ ಉಬ್ಬರ ಹತ್ತು ಅಡಿಯನ್ನು ಸಮೀಪಿಸಿದರೆ ರಸ್ತೆಯ ಮೇಲೆ ನೀರು ಕಾಣಿಸಿಕೊಳ್ಳುತ್ತದೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಇದು ಹೆಚ್ಚು, ಏಕೆಂದರೆ ಬೇಸಿಗೆಯ ಕಾವಿಗೆ ಹಿಗ್ಗಿದ ನೀರಿಗೆ ದೊಡ್ಡ ಉಬ್ಬರವೂ ಈಶಾನ್ಯದ ಗಾಳಿಯೂ ಒಟ್ಟಿಗೆ ಸೇರಿಕೊಳ್ಳುತ್ತವೆ. ಅದರ ಮೇಲೆ ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರ ಇಲ್ಲಿ ಬೆಳಿಗ್ಗೆ ಎಂಟು ಒಂಬತ್ತರ ಸುಮಾರಿಗೆ ತುಂಬುತ್ತದೆ, ಅಂದರೆ ಸರಿಯಾಗಿ ಕಚೇರಿಗೆ ಹೊರಡುವ ಹೊತ್ತಿಗೆ. ಕೆಲಸಕ್ಕೆ ಸೇರುವಾಗಲೇ ನಾನು ಇದನ್ನು ವಿವರಿಸಿ, ಅಂಥ ದಿನಗಳಲ್ಲಿ ಮನೆಯಿಂದ ಕೆಲಸ ಮಾಡುವ ಅಥವಾ ಬೆಳಗಿನ ಕತ್ತಲಲ್ಲೇ ದಾಟಿಹೋಗುವ ಅನುಮತಿ ಪಡೆದುಕೊಂಡೆ. ದ್ವೀಪದಲ್ಲಿ ಆಸ್ಪತ್ರೆಯಿಲ್ಲ, ವೈದ್ಯರ ಭೇಟಿಯ ದಿನವನ್ನೂ ಪಟ್ಟಿ ನೋಡಿಯೇ ಗೊತ್ತುಮಾಡುತ್ತೇವೆ. ನೀರು ಅರ್ಧ ಅಡಿಯೇ ಇದ್ದರೂ ಅದರಲ್ಲಿ ಕಾರು ಓಡಿಸುವುದಿಲ್ಲ, ಏಕೆಂದರೆ ಉಪ್ಪುನೀರು ಬ್ರೇಕಿನ ಕೊಳವೆಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಒಂದೆರಡು ತಾಸು ಕಾದರೆ ಇಳಿತ ತಾನಾಗಿ ದಾರಿ ಬಿಡುತ್ತದೆ.

ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಹೊಸಬರು ಟಿ.ವಿ.ಯಲ್ಲಿ ಹೇಳುವ ಕೆಟಗರಿ ಸಂಖ್ಯೆಯನ್ನು ನೋಡಿ ಹೋಗಬೇಕೋ ಇರಬೇಕೋ ಎಂದು ನಿರ್ಧರಿಸುತ್ತಾರೆ. ಆ ಸಂಖ್ಯೆ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ, ನೀರನ್ನಲ್ಲ. 2016ರ ಅಕ್ಟೋಬರಿನಲ್ಲಿ ಮ್ಯಾಥ್ಯೂ ಚಂಡಮಾರುತ ಜಾರ್ಜಿಯಾದ ದಡವನ್ನು ಮುಟ್ಟದೆ ಕಡಲಿನಲ್ಲೇ ಹಾದುಹೋಯಿತು, ಆದರೂ ಫೋರ್ಟ್ ಪುಲಾಸ್ಕಿಯ ಮಾಪಕ 12.5 ಅಡಿ ದಾಟಿ ದಾಖಲೆ ಬರೆಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಇರ್ಮಾ ದುರ್ಬಲಗೊಂಡು ಬಹುದೂರ ಪಶ್ಚಿಮದಲ್ಲಿ ಸಾಗಿದರೂ ಇಲ್ಲಿ ನೀರು ಮತ್ತೆ 12 ಅಡಿ ಮೀರಿತು, ತಗ್ಗಿನ ಮನೆಗಳ ಒಳಗೆ ಹೊಕ್ಕಿತು. ಅದಾದ ಮೇಲೆ ಕೇಂದ್ರದ ನೆರವಿನಿಂದ ಹಲವು ಮನೆಗಳನ್ನು ಎತ್ತಿ ಕಂಬಗಳ ಮೇಲೆ ನಿಲ್ಲಿಸಲಾಗಿದೆ. ನಾವು ಕೇಳುವುದು ಎರಡೇ ಪ್ರಶ್ನೆ: ನೀರು ಎಷ್ಟು ಏರುವ ಮುನ್ಸೂಚನೆಯಿದೆ, ಅದು ಉಬ್ಬರದ ವೇಳೆಯೋ ಇಳಿತದ ವೇಳೆಯೋ. ಉಳಿದದ್ದನ್ನು ಹವಾಮಾನದವರ ಪಾಲಿಗೆ ಬಿಡುತ್ತೇವೆ.

ಸ್ಥಳಾಂತರದ ಆದೇಶ ಬಂದಾಗ ಐ-16 ಹೆದ್ದಾರಿಯ ಎಲ್ಲ ಪಥಗಳನ್ನೂ ಸವಾನಾದಿಂದ ಡಬ್ಲಿನ್ ಊರಿನವರೆಗೆ ಪಶ್ಚಿಮಮುಖವಾಗಿ ತಿರುಗಿಸುತ್ತಾರೆ. 2016, 2017, 2019ರಲ್ಲಿ ಹಾಗೆ ಮಾಡಿದ್ದರು. ಅಷ್ಟರವರೆಗೆ ಕಾಯದೆ ಒಂದು ದಿನ ಮೊದಲೇ ಹೊರಡುವುದು ನಮ್ಮ ಕ್ರಮ. ಜೂನ್ ಬರುವ ಮೊದಲೇ ಪ್ರತಿ ಕೋಣೆಯ, ಪ್ರತಿ ಕಪಾಟಿನ ಫೋಟೋ ತೆಗೆದು ವಿಮೆಗೆಂದು ಇಟ್ಟಿರುತ್ತೇವೆ. ಪಾಸ್‌ಪೋರ್ಟ್, ವೀಸಾ ಮಂಜೂರಾತಿಯ ಮೂಲ ಕಾಗದ, ಮಕ್ಕಳ ಜನನಪತ್ರ, ಔಷಧಿ, ಒಡವೆ ಎಲ್ಲವೂ ನೀರು ಸೇರದ ಒಂದೇ ಚೀಲದಲ್ಲಿರುತ್ತವೆ. ವಿದೇಶದಲ್ಲಿರುವ ನಮ್ಮಂಥವರಿಗೆ ಮನೆ ಹೋದರೆ ವಿಮೆಯಿದೆ, ವೀಸಾದ ಕಾಗದ ಹೋದರೆ ತಿಂಗಳುಗಟ್ಟಲೆ ಓಡಾಟ. ಸೆಪ್ಟೆಂಬರಿನಲ್ಲಿ ಫ್ರೀಜರ್ ತುಂಬಿಸುವುದಿಲ್ಲ, ದೋಸೆ ಹಿಟ್ಟನ್ನೂ ವಾರಕ್ಕಾಗುವಷ್ಟು ರುಬ್ಬಿಡುವುದಿಲ್ಲ. ಹೊರಡುವಾಗ ಫ್ರೀಜರಿನಲ್ಲಿ ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ ಮೇಲೆ ನಾಣ್ಯವಿಟ್ಟು ಹೋಗುತ್ತೇವೆ. ಮರಳಿದಾಗ ನಾಣ್ಯ ತಳದಲ್ಲಿದ್ದರೆ ಕರೆಂಟು ಬಹಳ ಹೊತ್ತು ಇರಲಿಲ್ಲವೆಂದು ಅರ್ಥ, ಆಹಾರವೆಲ್ಲ ಕಸಕ್ಕೆ. ಇದನ್ನು ಕಲಿಸಿದವರು ಪಕ್ಕದ ಮನೆಯ ವೃದ್ಧೆ. ಮರಳುವುದು ನಮ್ಮ ಇಷ್ಟದಂತೆ ಆಗುವುದಿಲ್ಲ. ರಸ್ತೆ, ಸೇತುವೆಗಳ ತಪಾಸಣೆ ಮುಗಿಯುವವರೆಗೆ ಯಾರನ್ನೂ ಬಿಡುವುದಿಲ್ಲವಾದ್ದರಿಂದ ಒಳನಾಡಿನ ವಸತಿಯನ್ನು ಕೆಲವು ದಿನ ಹೆಚ್ಚಿಗೇ ಕಾಯ್ದಿರಿಸುತ್ತೇವೆ.

ಉಪ್ಪುಗಾಳಿ ಬೋಲ್ಟು, ಕೀಲು, ಬೀಗ ಯಾವುದನ್ನೂ ಬಿಡುವುದಿಲ್ಲ. ಹೊರಗಿನ ಲೋಹವೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದು ಅಥವಾ ದಪ್ಪ ಸತುವಿನ ಲೇಪದ್ದು. ಎ.ಸಿ.ಯ ಹೊರಘಟಕವನ್ನು ಆಗಾಗ ಸಿಹಿನೀರಿನಿಂದ ತೊಳೆಯುತ್ತೇವೆ. ವಸಂತದಲ್ಲಿಯೂ ಶರತ್ತಿನಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಕಾಟ; ಸವಾನಾದ ಹಿಂದಿನ ಬೇಸ್‌ಬಾಲ್ ತಂಡವೊಂದು ಇವುಗಳ ಹೆಸರನ್ನೇ ಇಟ್ಟುಕೊಂಡಿತ್ತು ಎಂದರೆ ಊಹಿಸಿಕೊಳ್ಳಿ. ಗಾಳಿಯಿದ್ದರೆ ಅವು ನಿಲ್ಲುವುದಿಲ್ಲ, ಆದ್ದರಿಂದ ಜಗಲಿಯಲ್ಲಿ ದೊಡ್ಡ ಫ್ಯಾನ್ ಹಾಕಿಸಿದ್ದೇವೆ.

ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಲಾಗರ್‌ಹೆಡ್ ಕಡಲಾಮೆಗಳ ಕಾಲ. ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು ನೂರರಷ್ಟು ಮೊಟ್ಟೆಯಿಡುತ್ತದೆ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬಂದು ಬೆಳಕಿನ ದಿಕ್ಕಿಗೆ ಹೋಗುತ್ತವೆ. ಮನೆಯ ದೀಪ ಸಮುದ್ರದ ಹೊಳಪಿಗಿಂತ ಪ್ರಖರವಾಗಿದ್ದರೆ ಅವು ರಸ್ತೆಗೆ ಬಂದು ಸಾಯುತ್ತವೆ. ಆದ್ದರಿಂದ ದಡಕ್ಕೆ ಕಾಣುವ ದೀಪಗಳನ್ನು ರಾತ್ರಿ ಆರಿಸಬೇಕು, ಮಕ್ಕಳು ತೋಡಿದ ಗುಂಡಿಯನ್ನು ಮುಚ್ಚಬೇಕು, ಡೇರೆ ಕುರ್ಚಿಗಳನ್ನು ಬಿಡದೆ ಒಯ್ಯಬೇಕು. ನಾಯಿಗೆ ಕಡಲ ದಡದಲ್ಲಿ ವರ್ಷವಿಡೀ ಪ್ರವೇಶವಿಲ್ಲ. ಈ ನಿಯಮಗಳು ಕೆಲವರಿಗೆ ಕಿರಿಕಿರಿಯಾಗುತ್ತವೆ, ನನಗೆ ಹಾಗೆನಿಸಿಲ್ಲ.

ಪ್ರವಾಸಿಗರ ಬಗ್ಗೆ ನನ್ನ ನಿಲುವು ಊರಿನ ಬಹುಮತದ್ದಲ್ಲ. ಅವರಿಂದಲೇ ಅಂಗಡಿ, ಹೋಟೆಲು, ತೆರಿಗೆ ಎಲ್ಲವೂ ನಡೆಯುತ್ತವೆ. ಆದರೆ ಬೀದಿಯ ಮನೆಗಳೆಲ್ಲ ದಿನಬಾಡಿಗೆಗೆ ಹೋದರೆ ಚಂಡಮಾರುತದ ಹಿಂದಿನ ದಿನ ಪರಸ್ಪರ ಬಾಗಿಲು ತಟ್ಟುವವರು ಉಳಿಯುವುದಿಲ್ಲ ಎಂಬ ಆತಂಕವೂ ನಿಜ. 2022ರ ಅಕ್ಟೋಬರಿನಲ್ಲಿ ನಗರಸಭೆ ವಾಸದ ವಲಯಗಳಲ್ಲಿ ಅಂಥ ಹೊಸ ಪರವಾನಗಿಗಳನ್ನು ನಿಲ್ಲಿಸಿತು. ಕೊಂಡು ಬಾಡಿಗೆಗೆ ಬಿಟ್ಟು ಸಾಲ ತೀರಿಸುವ ಲೆಕ್ಕ ಹಾಕಿ ಬರುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ಬೆರೆಯುವುದು ಕಷ್ಟವಾಯಿತೇ ಎಂದು ಕೇಳುವವರಿಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಇದೇ ದಡದಲ್ಲಿ 1960ರಲ್ಲಿ ಬಿಳಿಯರಿಗೆಂದೇ ಮೀಸಲಾಗಿದ್ದ ನೀರಿಗೆ ಇಳಿದುದಕ್ಕಾಗಿ ಕರಿಯ ತರುಣರನ್ನು ಬಂಧಿಸಿದ್ದರು. ಅಂದು ಅವರು ಇಳಿದಿದ್ದರಿಂದಲೇ ಇಂದು ನನ್ನ ಮಕ್ಕಳು ಯಾರನ್ನೂ ಕೇಳದೆ ಇಳಿಯುತ್ತಾರೆ. ಮೇ ತಿಂಗಳ ನೀರುಪಿಚಕಾರಿಯ ಮೆರವಣಿಗೆಯಲ್ಲಿ ಇಡೀ ಊರು ಒದ್ದೆಯಾಗುವ ದಿನವೇ ನಮಗೆ ಹೆಚ್ಚಿನ ನೆರೆಹೊರೆಯವರ ಪರಿಚಯವಾದದ್ದು.

ದಿನಸಿಗೆ ದ್ವೀಪದಲ್ಲಿ ಸಣ್ಣ ಅಂಗಡಿಯಿದೆ. ಕರಿಬೇವು, ಕುಚ್ಚಲಕ್ಕಿಗೆ ಪೂಲರ್ ಕಡೆಗೇ ಹೋಗಬೇಕು. ಮೀನಿಗೆ ಮಾತ್ರ ಕೊರತೆಯಿಲ್ಲ. ಲ್ಯಾಜರೆಟೊ ಹೊಳೆಯ ಧಕ್ಕೆಯಲ್ಲಿ ಸಿಗಡಿ ದೋಣಿಗಳು ನಿಲ್ಲುತ್ತವೆ. ಮೀನುಗಾರಿಕೆಯ ಪರವಾನಗಿ ಪಡೆದು ನಾವೇ ಪಂಜರ ಇಳಿಸಿ ನೀಲಿ ಏಡಿ ಹಿಡಿಯುತ್ತೇವೆ. ಚಿಪ್ಪು ಐದು ಇಂಚಿಗಿಂತ ಚಿಕ್ಕದಿದ್ದರೆ, ಹೊಟ್ಟೆಯಡಿ ಮೊಟ್ಟೆಯ ಗೊಂಚಲಿದ್ದರೆ ಅಲ್ಲೇ ನೀರಿಗೆ ಬಿಡಬೇಕು. ಊರಿನಿಂದ ತಂದ ಜುಮ್ಮನಕಾಯಿ ಹಾಕಿದ ಏಡಿ ಸಾರು ನೀಲಿ ಏಡಿಗೆ ಚೆನ್ನಾಗಿಯೇ ಒಗ್ಗುತ್ತದೆ.

ಇಲ್ಲಿಗೆ ಬರಲು ಆಲೋಚಿಸಿ ಫೋನ್ ಮಾಡುವವರಿಗೆ ನಾನು ಕೊಡುವ ಸಲಹೆ ಒಂದೇ. ಜೂನ್ ಜುಲೈಯಲ್ಲಿ ಬಂದು ಮನೆ ನೋಡಬೇಡಿ. ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರಿನಲ್ಲೋ ದೊಡ್ಡ ಉಬ್ಬರದ ವಾರವನ್ನು ಪಟ್ಟಿಯಲ್ಲಿ ಹುಡುಕಿ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ಕೊಳ್ಳಬೇಕೆಂದಿರುವ ಮನೆಯ ಮುಂದಿನ ಚರಂಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ನಿಂತು ನೋಡಿ. ಕಡಲಿನ ಕಡೆಗೆ ಹರಿಯದೆ ಬೀದಿಯ ಕಡೆಗೆ ಉಕ್ಕುತ್ತಿದ್ದರೆ, ಆ ದಲ್ಲಾಳಿಗೆ ಧನ್ಯವಾದ ಹೇಳಿ ಮುಂದಿನ ಮನೆಗೆ ನಡೆಯಿರಿ.